ಎಲ್ಲ ಪುಟದಲ್ಲೂ ಅದೇ ಬೆಕ್ಕು

ಮನೆಯ ಬೆಕ್ಕಿನ ಬಗ್ಗೆ ಮಕ್ಕಳ ಚಿತ್ರಪುಸ್ತಕ ಮಾಡುವಾಗ ನಾನು ಕಥೆಗಿಂತ ಮೊದಲು ಕೈಹಾಕಿದ್ದು ಬೆಕ್ಕಿಗೆ. ನಾಲ್ಕು ವರ್ಷದ ಮಗು ಅಕ್ಷರ ಓದುವುದಿಲ್ಲ, ಚಿತ್ರ ಓದುತ್ತದೆ. ಮೂರನೇ ಪುಟದಲ್ಲಿ ಕಪ್ಪಗಿದ್ದ ಎಡಗಿವಿ ಎಂಟನೇ ಪುಟದಲ್ಲಿ ಬೆಳ್ಳಗಾದರೆ ಮಗುವಿನ ಲೆಕ್ಕದಲ್ಲಿ ಅದು ಬೇರೆ ಬೆಕ್ಕು. ಕಥೆ ಅಲ್ಲೇ ನಿಂತುಹೋಗುತ್ತದೆ.

ನನ್ನ ಪುಸ್ತಕದ ಚಿನ್ನಿ ಬಿಳಿ, ಕಪ್ಪು, ಕೇಸರಿ ಮೂರೂ ಬಣ್ಣದವಳು. ಕೇಸರಿ ಬಣ್ಣದ ಜೀನ್ ಹೆಣ್ಣಿಗೆ ಎರಡು, ಗಂಡಿಗೆ ಒಂದೇ ಇರುವ ಎಕ್ಸ್ ಕ್ರೋಮೋಸೋಮಿನಲ್ಲಿರುವುದರಿಂದ ಇಂಥ ಬೆಕ್ಕುಗಳು ಹೆಚ್ಚುಕಡಿಮೆ ಎಲ್ಲವೂ ಹೆಣ್ಣು. ಹಾಗಾಗಿ ‘ಬಂತು’ ಬೇಡ, ‘ಬಂದಳು’ ಎಂದೇ ಬರೆಯುವುದು ಅಂತ ಮೊದಲ ದಿನವೇ ತೀರ್ಮಾನಿಸಿದೆ. ಮನೆಯಲ್ಲಿ ಮುದ್ದಿನ ಬೆಕ್ಕನ್ನು ಕರೆಯುವುದೂ ಹಾಗೆಯೇ ಅಲ್ಲವೇ? ಒಂದು ಪುಟದಲ್ಲಿ ‘ಮಲಗಿತು’, ಇನ್ನೊಂದರಲ್ಲಿ ‘ಎದ್ದಳು’ ಆಗಬಾರದು.

ಒಂದು ಎ3 ಹಾಳೆಯಲ್ಲಿ ಚಿನ್ನಿಯ ಐದು ನೋಟ ಬರೆದು ಗೋಡೆಗೆ ಅಂಟಿಸಿದೆ: ಎದುರು, ಎಡ, ಬಲ, ಬೆನ್ನು, ಸುರುಳಿ ಸುತ್ತಿ ಮಲಗಿದ್ದು. ಪ್ರತಿ ಮಚ್ಚೆಗೂ ಅಂಕಿ ಕೊಟ್ಟೆ. ಎಡ ಮತ್ತು ಬಲ ಎರಡನ್ನೂ ಬೇರೆಬೇರೆಯಾಗಿ ಬರೆಯಲೇಬೇಕು. ಕಂಪ್ಯೂಟರಿನಲ್ಲಿ ಒಂದೇ ಚಿತ್ರವನ್ನು ಕನ್ನಡಿಯಂತೆ ತಿರುಗಿಸಿ ಬಳಸಿದರೆ ಮಚ್ಚೆಗಳೂ ಅದಲುಬದಲಾಗುತ್ತವೆ. ಹೆಚ್ಚಿನ ತಪ್ಪುಗಳು ಆಗುವುದೇ ಇಲ್ಲಿ. ಅಳತೆಗೂ ಒಂದು ಗುರುತು ಬೇಕು. ಕೂತ ಬೆಕ್ಕಿನ ಕಿವಿಯ ತುದಿ ದೊಡ್ಡವರ ಮೊಣಕಾಲಿಗಿಂತ ಸ್ವಲ್ಪ ಕೆಳಗೆ ಬರುತ್ತದೆ. ಅದನ್ನು ಮರೆತರೆ ಅಡುಗೆಮನೆಯ ಪುಟದಲ್ಲಿ ನಾಯಿಯಷ್ಟು ದೊಡ್ಡ ಬೆಕ್ಕು ಕೂತಿರುತ್ತದೆ.

ಮುಂಗಾಲಿಗೆ ಐದು ಬೆರಳು, ಹಿಂಗಾಲಿಗೆ ನಾಲ್ಕು. ಆದರೆ ಮುಂಗಾಲಿನ ಐದನೆಯದು ಒಳಬದಿಯಲ್ಲಿ ಮೇಲೆ ಇರುವುದರಿಂದ ಎದುರಿನಿಂದ ಕಾಣುವುದು ನಾಲ್ಕೇ. ಅಷ್ಟನ್ನೇ ಬರೆದರೆ ಸಾಕು. ಕಣ್ಣಿನ ಪಾಪೆ ಬೆಳಕಿನ ಜೊತೆ ಬದಲಾಗಬೇಕು. ಮಧ್ಯಾಹ್ನದ ಜಗಲಿಯಲ್ಲಿ ನಿಂತ ಗೀಟು, ರಾತ್ರಿ ಅಥವಾ ಭಯದಲ್ಲಿ ಅಗಲವಾದ ದುಂಡು. ಸಂತೋಷಕ್ಕೆ ತುಟಿ ಬಾಗಿಸಿ ನಗಿಸುವ ಅಗತ್ಯವಿಲ್ಲ. ನೆಟ್ಟಗೆ ನಿಂತ ಬಾಲ, ಮುಂದಕ್ಕೆ ತಿರುಗಿದ ಕಿವಿ ಇಷ್ಟೇ ಸಾಕು. ಭಯಕ್ಕೆ ಕಿವಿ ಪಕ್ಕಕ್ಕೆ ಮಲಗುತ್ತದೆ, ಬಾಲದ ರೋಮ ನಿಮಿರುತ್ತದೆ. ಹಾಲಿನ ಬಟ್ಟಲನ್ನು ನಾನು ಬೇಕೆಂದೇ ಬರೆಯಲಿಲ್ಲ. ಬೆಳೆದ ಬೆಕ್ಕುಗಳಲ್ಲಿ ಬಹುಪಾಲಿಗೆ ಹಾಲು ಸರಿಯಾಗಿ ಜೀರ್ಣವಾಗದೆ ಭೇದಿಯಾಗಬಹುದು, ಮಕ್ಕಳು ಪುಸ್ತಕದಲ್ಲಿ ಕಂಡದ್ದನ್ನೇ ಮಾಡುತ್ತಾರೆ. ಚಿನ್ನಿಯ ಮುಂದಿರುವುದು ನೀರಿನ ಬಟ್ಟಲು.

ಸೆಂಟರ್ ಪಿನ್ ಹಾಕುವ ಪುಸ್ತಕದ ಪುಟಗಳು ನಾಲ್ಕರ ಲೆಕ್ಕದಲ್ಲೇ ಬರಬೇಕು. ನಾನು ಆರಿಸಿದ್ದು ರಕ್ಷಾಪುಟ ಬಿಟ್ಟು 24. ಆರು ಎ4 ಹಾಳೆಗಳನ್ನು ಒಟ್ಟಿಗೆ ಮಡಚಿ ನಡುವೆ ಪಿನ್ ಹೊಡೆದರೆ ನಮೂನೆ ಪುಸ್ತಕ ಸಿದ್ಧ. ಮೊದಲ ಪುಟ ಶೀರ್ಷಿಕೆಗೆ, 2ರಿಂದ 23ರವರೆಗೆ ಹನ್ನೊಂದು ಜೋಡಿ ಪುಟ, 24 ಕೊನೆಯ ಒಂಟಿ ಚಿತ್ರಕ್ಕೆ. ಹಕ್ಕುಗಳ ವಿವರವನ್ನು ರಕ್ಷಾಪುಟದ ಒಳಬದಿಗೆ ಹಾಕಿದರೆ ಒಳಗಿನ ಪುಟ ಉಳಿಯುತ್ತದೆ. ಪ್ರಶ್ನೆ ಯಾವಾಗಲೂ ಬಲಪುಟದಲ್ಲಿ, ಉತ್ತರ ಹಾಳೆ ತಿರುಗಿಸಿದ ಮೇಲೆ.

ಮಾತು ಒಂದು ಜೋಡಿ ಪುಟಕ್ಕೆ ಹದಿನೈದು ಪದ ಮೀರದಂತೆ ನೋಡಿಕೊಂಡೆ. ಮೊದಲು ಹೀಗೆ ಬರೆದಿದ್ದೆ: ‘ಪಟಾಕಿಯ ಸದ್ದಿಗೆ ಹೆದರಿದ ಚಿನ್ನಿ ಬಾಲ ಮುದುರಿಕೊಂಡು ಅಕ್ಕಿ ಮೂಟೆಯ ಹಿಂದೆ ಅಡಗಿ ಕೂತಳು.’ ಹೆದರಿಕೆ, ಬಾಲ, ಮೂಟೆ ಎಲ್ಲವೂ ಚಿತ್ರದಲ್ಲೇ ಇವೆ. ಅವನ್ನೆಲ್ಲ ಹೊಡೆದುಹಾಕಿದ ಮೇಲೆ ಉಳಿದದ್ದು: ‘ಢಂ! ಚಿನ್ನಿ ಎಲ್ಲಿ?’ ಈಗ ಹುಡುಕುವ ಕೆಲಸ ಮಗುವಿನದು. ಮೂಟೆಯ ಅಂಚಿನಲ್ಲಿ ಎರಡು ಬೆರಳಗಲ ಕೇಸರಿ ಬಾಲ ಬಿಟ್ಟಿದ್ದೇನೆ. ತಾವೇ ಓದುವ ಆರೇಳು ವರ್ಷದವರಿಗಾದರೆ ಒತ್ತಕ್ಷರದ ಕಡೆಗೂ ಗಮನ ಬೇಕು. ‘ಬೆಕ್ಕು’, ‘ಚಿನ್ನಿ’ಯಂಥ ಸಜಾತೀಯ ಒತ್ತು ಬೇಗ ಹಿಡಿತಕ್ಕೆ ಬರುತ್ತದೆ, ‘ಸ್ವಚ್ಛ’ದಂಥದ್ದರಲ್ಲಿ ಮಗು ತಡವರಿಸುತ್ತದೆ. ಬೆಕ್ಕು ಸಾಯುವ ಕಥೆಯಾದರೆ ‘ಸತ್ತುಹೋದಳು’ ಎಂದೇ ಬರೆಯಬೇಕು. ‘ನಿದ್ದೆ ಹೋದಳು’ ಎಂದರೆ ಮಗುವಿಗೆ ರಾತ್ರಿ ಮಲಗಲು ಹೆದರಿಕೆಯಾದೀತು.

ಬಣ್ಣಕ್ಕೆ 300 ಜಿಎಸ್‌ಎಂ ಜಲವರ್ಣದ ಕಾಗದ, ಅಂದರೆ ಚದರ ಮೀಟರಿಗೆ 300 ಗ್ರಾಂ ತೂಗುವ ದಪ್ಪದ್ದು. ನಾಲ್ಕೂ ಅಂಚಿಗೆ ಟೇಪ್ ಹಚ್ಚದಿದ್ದರೆ ಒದ್ದೆಯಾದಾಗ ಉಬ್ಬುತ್ತದೆ, ಸ್ಕ್ಯಾನಿನಲ್ಲಿ ನೆರಳು ಬೀಳುತ್ತದೆ. ಬಿಳಿ ಮೈಗೆ ಬಣ್ಣ ಹಾಕುವುದಿಲ್ಲ. ಕಾಗದವನ್ನೇ ಬಿಟ್ಟು ಹಿಂದಿನ ಗೋಡೆಗೆ ತೆಳು ಹಳದಿ ಬಳಿದರೆ ಬೆಕ್ಕು ತಾನಾಗಿ ಎದ್ದು ಕಾಣುತ್ತದೆ. ಕಪ್ಪು ಮಚ್ಚೆಗೆ ಟ್ಯೂಬಿನ ಕಪ್ಪು ಹಚ್ಚಿದರೆ ಅಲ್ಲೊಂದು ತೂತು ಬಿದ್ದಂತಿರುತ್ತದೆ. ಅಲ್ಟ್ರಾಮರೀನ್ ನೀಲಿಗೆ ಬರ್ಂಟ್ ಸಿಯೆನ್ನಾ ಎಂಬ ಕೆಂಗಂದು ಬೆರೆಸಿದ ಗಾಢ ಬಣ್ಣದಲ್ಲಿ ರೋಮದ ಮೃದುತನ ಉಳಿಯುತ್ತದೆ.

ಮುದ್ರಣದ ಅಳತೆಯಲ್ಲಿ 300 ಡಿಪಿಐ (ಇಂಚಿಗೆ 300 ಚುಕ್ಕಿ) ಸ್ಕ್ಯಾನ್, ಸುತ್ತಲೂ 3 ಮಿಲಿಮೀಟರ್ ಬ್ಲೀಡ್, ಅಂದರೆ ಕತ್ತರಿಸುವ ಅಂಚಿನಾಚೆಗೂ ಹಬ್ಬಿಸಿದ ಚಿತ್ರ. ಮಾತು ಕತ್ತರಿಸುವ ಅಂಚಿನಿಂದ 12 ಮಿಲಿಮೀಟರ್ ಒಳಗೆ. ಬೆಕ್ಕಿನ ಮುಖ ನಡುಮಡಿಕೆಗೆ ಬೀಳಬಾರದು, ಮೂಗು ನುಂಗಿಹೋಗುತ್ತದೆ. ಚೌಕಾಕಾರ ಬೇಕೆಂದರೆ ಚಿತ್ರ ಶುರುಮಾಡುವ ಮೊದಲೇ ಪ್ರೆಸ್ಸಿನಲ್ಲಿ ಅವರ ಹಾಳೆಯ ಅಳತೆ ಕೇಳಿ, ಇಲ್ಲವಾದರೆ ಕಾಗದ ಬಹಳ ಪೋಲಾಗುತ್ತದೆ.

ಕನ್ನಡ ಅಕ್ಷರ ಕೆಡುವುದು ಕೊನೆಯ ಹಂತದಲ್ಲಿ. ಹಳೆಯ ನುಡಿ, ಬರಹ ಫಾಂಟುಗಳಲ್ಲಿ ಯೂನಿಕೋಡ್ (ಎಲ್ಲ ಕಂಪ್ಯೂಟರಿಗೂ ಅರ್ಥವಾಗುವ ಅಕ್ಷರ ಸಂಕೇತ) ಅಲ್ಲದೆ ಟೈಪ್ ಮಾಡಿದ್ದು ಬೇರೆ ಕಂಪ್ಯೂಟರಿಗೆ ಹೋದಾಗ ಚೆಲ್ಲಾಪಿಲ್ಲಿಯಾಗುತ್ತದೆ. ನಾನು ಯೂನಿಕೋಡಿನ ಬಲೂ ತಮ್ಮ ಎಂಬ ಫಾಂಟ್ ಬಳಸಿದೆ, 20 ಪಾಯಿಂಟ್. ಸಾಲಿನ ಅಂತರ 32 ಪಾಯಿಂಟ್ ಇಟ್ಟೆ. ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಗಲಬಾರದು. ಇನ್‌ಡಿಸೈನ್ ಎಂಬ ಪುಟವಿನ್ಯಾಸದ ತಂತ್ರಾಂಶದಲ್ಲಿ ಭಾರತೀಯ ಲಿಪಿಗಳನ್ನು ಜೋಡಿಸುವ ವರ್ಲ್ಡ್ ರೆಡಿ ಕಂಪೋಸರ್ ಆರಿಸದಿದ್ದರೆ ಒತ್ತಕ್ಷರ ಬಿಡಿಬಿಡಿಯಾಗಿ ನಿಲ್ಲಬಹುದು; ಪಿಡಿಎಫ್ ಮಾಡಿದ ಮೇಲೆ ಪ್ರತಿ ಒತ್ತನ್ನೂ ಅರ್ಕಾವತ್ತನ್ನೂ ಬೆರಳಿಟ್ಟು ಓದಬೇಕು. ಅಕ್ಷರ ಬರೀ ಕಪ್ಪು ಶಾಯಿಯಲ್ಲಿರಲಿ. ನಾಲ್ಕು ಬಣ್ಣ ಬೆರೆತ ಕಪ್ಪಾದರೆ ಮುದ್ರಣದ ಪ್ಲೇಟು ಕೂದಲೆಳೆಯಷ್ಟು ಸರಿದರೂ ಅಕ್ಷರದ ಸುತ್ತ ಬಣ್ಣದ ನೆರಳು ಕಾಣುತ್ತದೆ.

ಒಳಪುಟಕ್ಕೆ 130 ಜಿಎಸ್‌ಎಂ ಮ್ಯಾಟ್ ಆರ್ಟ್ ಪೇಪರ್, ರಕ್ಷಾಪುಟಕ್ಕೆ 300 ಜಿಎಸ್‌ಎಂ ಹಾಗೂ ಮ್ಯಾಟ್ ಲ್ಯಾಮಿನೇಷನ್. ಪರದೆಯ ಮೇಲೆ ಹೊಳೆಯುವ ಕೇಸರಿ ಸಿಎಂವೈಕೆಗೆ, ಅಂದರೆ ಮುದ್ರಣದ ನಾಲ್ಕು ಶಾಯಿಗಳಿಗೆ ಬಂದಾಗ ಇಟ್ಟಿಗೆಯಂತೆ ಮಂಕಾಗುತ್ತದೆ, ಹಸಿರು ಕಣ್ಣೂ ಹಾಗೆಯೇ. ಪ್ರೆಸ್ಸಿನ ಮಾದರಿ ಮುದ್ರಣವನ್ನು (ಪ್ರೂಫ್) ಟ್ಯೂಬ್‌ಲೈಟಿನ ಕೆಳಗೆ ನೋಡಿ ಒಪ್ಪಬೇಡಿ. ಗೋಡೆಯ ಮೇಲಿನ ಆ ಎ3 ಹಾಳೆಯ ಪಕ್ಕಕ್ಕೆ, ಹಗಲು ಬೆಳಕಿನಲ್ಲಿ ಹಿಡಿದು, ಒಂದನೇ ಮಚ್ಚೆಯಿಂದ ಎಣಿಸಿಕೊಂಡು ಬನ್ನಿ.