ಎಂಜಿಬಿಗೆ 185/70 ಆರ್ 14: ಎಡ ಹಿಂಚಕ್ರ ಕಲಿಸಿದ ಲೆಕ್ಕ

ನನ್ನ 1966ರ ಎಂಜಿಬಿ ರೋಡ್‌ಸ್ಟರ್‌ಗೆ (ಬ್ರಿಟಿಷ್ ತೆರೆದ ಸ್ಪೋರ್ಟ್ಸ್ ಕಾರು) 5 ಇಂಚು ಅಗಲದ ರಿಮ್ಮಿನ ಮೇಲೆ 185/70 ಆರ್ 14 ಟೈರು (ಅಗಲ 185 ಮಿಲಿಮೀಟರ್, ಪಕ್ಕದ ಎತ್ತರ ಅಗಲದ ಶೇಕಡ 70, ರಿಮ್ಮಿನ ವ್ಯಾಸ 14 ಇಂಚು) ಹಾಕುತ್ತೇನೆ ಎಂದಾಗ, ಈ ಗಾಡಿಯನ್ನು ನನಗಿಂತ ಚೆನ್ನಾಗಿ ಬಲ್ಲ ನಮ್ಮ ಹಿರಿಯ ಮೆಕ್ಯಾನಿಕ್ ಸೇರಿದಂತೆ ಯಾರೂ ಒಪ್ಪಲಿಲ್ಲ. ‘ಎಡಗಡೆ ಹಿಂದೆ ಉಜ್ಜುತ್ತೆ ಸರ್, ಹಾಕಿದ ಮೇಲೆ ನನ್ನನ್ನ ಕೇಳಬೇಡಿ’ ಎಂದು ಅವರು ಮೊದಲೇ ಹೇಳಿಬಿಟ್ಟಿದ್ದರು. ಭಾನುವಾರ ಬೆಳಿಗ್ಗೆ ಸೇರುವ ಗೆಳೆಯರಲ್ಲಿ ಅರ್ಧದಷ್ಟು ಜನ 155ರ ಅಗಲದ ಆಚೆಗೆ ಹೋಗಲೇಬಾರದು ಎಂದರೆ, ಉಳಿದರ್ಧ ಜನ 15 ಇಂಚಿನ ಅಲಾಯ್ ವೀಲ್ ಹಾಕಿ ಕೈತೊಳೆದುಕೋ ಎಂದರು. ಎರಡೂ ಮಾತನ್ನು ನಾನು ದುಡ್ಡು ಕೊಟ್ಟು ಪರೀಕ್ಷಿಸಿದ್ದೇನೆ. ಈಗ ಎರಡು ವರ್ಷದಲ್ಲಿ ಒಂಬತ್ತು ಸಾವಿರ ಕಿಲೋಮೀಟರಿನಷ್ಟು ಓಡಿದ ಮೇಲೆ ಬರೆಯುತ್ತಿದ್ದೇನೆ.

ಗಾಡಿ ನನ್ನ ಕೈಗೆ ಬಂದಾಗ ಅದರಲ್ಲಿದ್ದದ್ದು ಕಾರ್ಖಾನೆಯಿಂದಲೇ ಬಂದ 4 ಇಂಚು ಅಗಲದ ಉಕ್ಕಿನ ಡಿಸ್ಕ್ ವೀಲ್‌ಗಳು ಮತ್ತು ಪಕ್ಕವೆಲ್ಲ ಬಿರುಕು ಬಿಟ್ಟ 155ರ ಟೈರುಗಳು. ಆ ಎತ್ತರದ 155 ಟೈರು 14 ಇಂಚಿಗೆ ನಮ್ಮ ಅಂಗಡಿಗಳಲ್ಲಿ ನನಗೆ ಸಿಗಲಿಲ್ಲವಾದ್ದರಿಂದ 2018ರಲ್ಲಿ ಇಂಗ್ಲೆಂಡಿನಿಂದ ಹಳೆಯ ವಿನ್ಯಾಸದ ನಾಲ್ಕು 165 ಟೈರುಗಳನ್ನು ತರಿಸಿದೆ. ಸಾಗಣೆ ಮತ್ತು ಸುಂಕ ಸೇರಿ ಎಪ್ಪತ್ತು ಸಾವಿರದ ಹತ್ತಿರ ಹೋಯಿತು. ಕಟ್ಟು ಬಿಚ್ಚಿ ಪಕ್ಕದ ಗೋಡೆಯ ಮೇಲಿನ ನಾಲ್ಕಂಕಿಯನ್ನು ಓದಿದರೆ, ಮೊದಲೆರಡು ವಾರ, ಕೊನೆಯೆರಡು ವರ್ಷ, ಅವು ಆಗಲೇ ಮೂರು ವರ್ಷ ಗೋದಾಮಿನಲ್ಲಿ ಕುಳಿತಿದ್ದ ಮಾಲು. 2020ರ ಜೂನ್‌ನಲ್ಲಿ ಹೊಸ ಟೈರುಗಳ ಆಮದನ್ನು ಕೇಂದ್ರ ಸರ್ಕಾರ ನಿರ್ಬಂಧಿತ ಪಟ್ಟಿಗೆ ಸೇರಿಸಿದ್ದರಿಂದ ಆ ದಾರಿಯೂ ಮುಚ್ಚಿತು. ಆಗ ನಾನು ಒಂದು ನಿಯಮ ಮಾಡಿಕೊಂಡೆ: ನಾಳೆ ಒಂದು ಟೈರು ಹರಿದರೆ ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಸಂಜೆಯೊಳಗೆ ಸಿಗುವ ಸೈಜೇ ನನಗೆ ಬೇಕು.

ಈ ನಿಯಮದ ಮೊದಲ ಬಲಿ 185/65 ಆರ್ 14. ಸುಲಭವಾಗಿ ಸಿಕ್ಕಿತು, ನಾಲ್ಕಕ್ಕೆ ಹದಿನೆಂಟು ಸಾವಿರದ ಆಸುಪಾಸು ಆಯಿತು, ನಾನೂ ಅವಸರದಲ್ಲಿ ಅದೇ 4 ಇಂಚಿನ ರಿಮ್ಮಿಗೆ ಹಾಕಿಸಿಬಿಟ್ಟೆ. ಆ ಟೈರಿಗೆ ಕನಿಷ್ಠ 5 ಇಂಚಿನ ರಿಮ್ಮು ಬೇಕೆಂಬುದು ನನಗೆ ಗೊತ್ತಿದ್ದೂ ಮಾಡಿದ ತಪ್ಪು ಅದು. ಎರಡು ಅಂಚುಗಳು ಒಳಕ್ಕೆ ಎಳೆದುಕೊಂಡು ನಡುಭಾಗ ಉಬ್ಬಿ, ಸಾವಿರದೈನೂರು ಕಿಲೋಮೀಟರಿನಲ್ಲೇ ನಡುವಿನ ಗೆರೆಗಳು ಸವೆದದ್ದು ಕಂಡಿತು. ಟೈರಿನ ಒಟ್ಟು ವ್ಯಾಸ 596 ಮಿಲಿಮೀಟರಿಗೆ ಇಳಿದದ್ದು ಇನ್ನೊಂದು ತೊಂದರೆ. ಮೂಲ 155ರ ವ್ಯಾಸ 610ರಷ್ಟಿತ್ತು. ಗಾಡಿ 7 ಮಿಲಿಮೀಟರ್ ಕುಸಿಯಿತು, ಮೊದಲು ಮುಟ್ಟಿಯೂ ಮುಟ್ಟದಂತೆ ದಾಟುತ್ತಿದ್ದ ರೋಡ್ ಹಂಪುಗಳಿಗೆ ಸೈಲೆನ್ಸರ್ ಡಬ್ಬ ಬಡಿಯತೊಡಗಿತು. ಓವರ್‌ಡ್ರೈವ್ (ವೇಗದಲ್ಲಿ ಎಂಜಿನ್ ಸುತ್ತು ಇಳಿಸುವ ಹೆಚ್ಚುವರಿ ಗೇರು) ಇಲ್ಲದ ನನ್ನ ಗೇರ್‌ಬಾಕ್ಸಿನಲ್ಲಿ 100 ಕಿಲೋಮೀಟರ್ ವೇಗಕ್ಕೆ ನಿಮಿಷಕ್ಕೆ 3,470ರಷ್ಟಿದ್ದ ಎಂಜಿನ್ ಸುತ್ತು 3,550ಕ್ಕೆ ಏರಿತು. ಕಿವಿಗೆ ಅದು ಚೆನ್ನಾಗಿಯೇ ಗೊತ್ತಾಗುತ್ತದೆ. ಅರ್ಧ ಬೆಲೆಗೆ ಮಾರಿದೆ.

ಎರಡನೆಯ ಸೋಲು ದೊಡ್ಡದು. ಎಂಜಿಬಿಯ ನಾಲ್ಕು ಬೋಲ್ಟುಗಳ ವೃತ್ತ ನಾಲ್ಕೂವರೆ ಇಂಚು, ಅಂದರೆ 114.3 ಮಿಲಿಮೀಟರ್. ಹಳೆಯ ಮಾರುತಿ 800, ಎಸ್ಟೀಮ್‌ಗಳದ್ದೂ ಅದೇ ಅಳತೆಯಾದ್ದರಿಂದ ಅವುಗಳಿಗೆಂದು ಬಂದ 15 ಇಂಚು ವ್ಯಾಸ, 6 ಇಂಚು ಅಗಲದ ಅಲಾಯ್ ಸೆಟ್ಟೊಂದನ್ನು 195/60 ಟೈರಿನ ಸಮೇತ ನಲವತ್ತೆರಡು ಸಾವಿರಕ್ಕೆ ಕೊಂಡೆ. ವ್ಯಾಸದ ಲೆಕ್ಕ ಸರಿಯಾಗಿಯೇ ಇತ್ತು, 615 ಬರುತ್ತದೆ. ಆದರೆ ಮುಂಚಕ್ರ ಎಳೆಯುವ ಗಾಡಿಗಳ ವೀಲ್‌ಗಳಲ್ಲಿ ಆಫ್‌ಸೆಟ್, ಅಂದರೆ ವೀಲಿನ ನಡುಗೆರೆಯಿಂದ ಬೋಲ್ಟು ಕೂರುವ ಮುಖ ಹೊರಕ್ಕಿರುವ ದೂರ, ಹೆಚ್ಚು. ನನ್ನದರಲ್ಲಿ 40 ಮಿಲಿಮೀಟರಿನ ಹತ್ತಿರವಿತ್ತು, ಹಾಗಾಗಿ ಟೈರು ಲೀಫ್ ಸ್ಪ್ರಿಂಗಿನ ಕಡೆಗೆ ವಾಲಿಕೊಂಡು ಕುಳಿತಿತು. ಪೀಣ್ಯದ ಲೇತ್ ಅಂಗಡಿಯಲ್ಲಿ ಹಬ್ಬಿಗೂ ವೀಲಿಗೂ ನಡುವೆ ಇಡುವ 20 ಮಿಲಿಮೀಟರಿನ ಅಲ್ಯೂಮಿನಿಯಂ ಸ್ಪೇಸರ್ ಕಡೆಸಿ ಹಾಕಿದರೆ ನಟ್ಟು ಐದೇ ಸುತ್ತಿಗೆ ಬಿಗಿಯಾಗಿ ನಿಂತಿತು. ಅರ್ಧ ಇಂಚಿನ ಸ್ಟಡ್ಡಿಗೆ ಐದು ತ್ರೆಡ್ಡಿನ ಹಿಡಿತ ಸಾಲದು. ಆ ಸ್ಥಿತಿಯಲ್ಲಿ ಗಾಡಿಯನ್ನು ನಮ್ಮ ಬೀದಿಯ ಕೊನೆಯವರೆಗೆ ಮಾತ್ರ ಓಡಿಸಿದೆ. ಅಷ್ಟರಲ್ಲೇ ಎಡಗಡೆ ಹಿಂದಿನ ಟೈರಿನ ಭುಜ ಫೆಂಡರಿನ (ಚಕ್ರದ ಮೇಲಿನ ತಗಡಿನ) ಒಳಮಡಿಕೆಗೆ ಸರ್ರನೆ ಉಜ್ಜಿ, ರಬ್ಬರಿನ ಮೇಲೆ ಬೆರಳಗಲದ ಹೊಳೆಯುವ ಪಟ್ಟಿ ಮೂಡಿತ್ತು. ಮಡಿಕೆಯನ್ನು ಬಡಿದು ಮೇಲಕ್ಕೆ ಮಡಚಿಬಿಡಿ ಎಂದು ಬಹಳ ಮಂದಿ ಹೇಳಿದರು. ಅರವತ್ತರ ದಶಕದ ತಗಡನ್ನು ಟೈರಿಗಾಗಿ ಬಡಿಯುವುದು ನನಗೆ ಒಪ್ಪಿಗೆಯಿಲ್ಲ, ಹಾಗೆ ಮಾಡಿಸಿದ ಇಬ್ಬರ ಗಾಡಿಗಳಲ್ಲಿ ಬಣ್ಣ ಸೀಳಿ ತುಕ್ಕು ಹಿಡಿದದ್ದನ್ನು ಕಂಡಿದ್ದೇನೆ. ಸೆಟ್ಟನ್ನು ಮಾರಿದಾಗ ಹದಿನೇಳು ಸಾವಿರ ಕಳೆದುಕೊಂಡೆ.

ಇದಾದ ಮೇಲೆ ಪುಸ್ತಕ, ಫೋಟೋ, ಗೆಳೆಯರ ಮಾತು ಎಲ್ಲವನ್ನೂ ಬದಿಗಿಟ್ಟು ನನ್ನ ಗಾಡಿಯನ್ನೇ ಅಳೆಯಲು ಕುಳಿತೆ. ಹಿಂಭಾಗವನ್ನು ಸ್ಟ್ಯಾಂಡ್ ಮೇಲೆ ನಿಲ್ಲಿಸಿ, ಡ್ಯಾಂಪರ್ (ಶಾಕ್ ಅಬ್ಸಾರ್ಬರ್) ಲಿಂಕುಗಳನ್ನು ಬಿಚ್ಚಿ, ಪ್ಲೈವುಡ್ಡಿನಲ್ಲಿ 615 ಮಿಲಿಮೀಟರ್ ವ್ಯಾಸದ ಚಕ್ರವೊಂದನ್ನು ಕತ್ತರಿಸಿ ಟೈರಿನ ಭುಜ ಬರಬೇಕಾದಲ್ಲಿ ಮರದ ತುಂಡುಗಳನ್ನು ಜೋಡಿಸಿದೆ. ಮಕ್ಕಳು ಆಡುವ ಬಣ್ಣದ ಕ್ಲೇಯನ್ನು ಫೆಂಡರಿನ ಒಳಮಡಿಕೆಗೆ ಗೋಲಿಯಷ್ಟು ದಪ್ಪಕ್ಕೆ ಅಂಟಿಸಿ, ಜ್ಯಾಕಿನಿಂದ ಆಕ್ಸಲ್ಲನ್ನು ಬಂಪ್ ರಬ್ಬರ್ (ಆಕ್ಸಲ್ ಮೇಲಕ್ಕೆ ಬಡಿಯದಂತೆ ತಡೆಯುವ ರಬ್ಬರ್ ತುಂಡು) ಚಪ್ಪಟೆಯಾಗುವವರೆಗೆ ಎತ್ತಿ, ಪ್ಲೈವುಡ್ ಚಕ್ರವನ್ನು ಕೈಯಿಂದ ತಿರುಗಿಸಿ, ಒತ್ತಿ ಉಳಿದ ಕ್ಲೇಯ ದಪ್ಪವನ್ನು ವರ್ನಿಯರ್‌ನಿಂದ ಅಳೆದೆ. ಬಲಗಡೆ 14 ಮಿಲಿಮೀಟರಿನಷ್ಟು ಜಾಗವಿದ್ದರೆ ಎಡಗಡೆ 6 ಮಾತ್ರ ಇತ್ತು. ಎಂಜಿಬಿ ಇಟ್ಟುಕೊಂಡವರೆಲ್ಲ ಎಡಗಡೆ ಇಕ್ಕಟ್ಟು ಎಂದು ಹೇಳುವುದನ್ನು ಕೇಳಿದ್ದೆ. ಎಷ್ಟು ಇಕ್ಕಟ್ಟು ಎಂಬುದು ಈಗ ಕೈಗೆ ಸಿಕ್ಕಿತು. ಎರಡೂ ಬದಿ ಒಟ್ಟಿಗೆ ಎತ್ತಿದಾಗ ಬಂದ ಅಳತೆ ಒಂದೇ ಬದಿ ಎತ್ತಿದಾಗ ಬರುವುದಿಲ್ಲ, ಆದ್ದರಿಂದ ಎರಡೂ ರೀತಿ ಅಳೆಯಲೇಬೇಕು. ಬಳಿಕ ಆಕ್ಸಲ್ಲಿಗೆ ಬೆಲ್ಟ್ ಹಾಕಿ ಪಕ್ಕಕ್ಕೆ ಎಳೆದು ನೋಡಿದರೆ ಅದು 5 ಮಿಲಿಮೀಟರ್ ಸುಮ್ಮನೆ ಸರಿಯಿತು. ಸ್ಪ್ರಿಂಗಿನ ತುದಿಗಳ ರಬ್ಬರ್ ಬುಶ್‌ಗಳು ಸತ್ತಿದ್ದವು. ಸ್ಪ್ರಿಂಗಿನ ಮುಂತುದಿಯ ಕಣ್ಣಿಗೂ ಹಿಂತುದಿಯ ಕೊಂಡಿಯಾದ ಶ್ಯಾಕಲ್ಲಿಗೂ ಹೊಸ ರಬ್ಬರ್ ಬುಶ್ ಹಾಕಿ, ಗಾಡಿಯ ಭಾರ ಚಕ್ರದ ಮೇಲೆ ಬಿದ್ದ ಮೇಲಷ್ಟೇ ಬೋಲ್ಟು ಬಿಗಿ ಮಾಡಿದಾಗ ಆ ಸರಿದಾಟ ನಿಂತಿತು. ಎಡ ಬಲಗಳ ನಡುವೆ ಉಳಿದ ವ್ಯತ್ಯಾಸವನ್ನು ಸ್ಪ್ರಿಂಗ್ ಸೀಟಿನಲ್ಲಿ ಹೇಗೆ ಹಂಚಿದೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಅದಕ್ಕೆ ನನ್ನ ನಾಲ್ಕು ಭಾನುವಾರಗಳು ಹೋಗಿವೆ. ಗಾಡಿ ತಂದು ತೋರಿಸಿದವರಿಗೆ ಕೈಹಿಡಿದು ಮಾಡಿ ತೋರಿಸುತ್ತೇನೆ.

ಜಾಗದ ಅಳತೆ ಸಿಕ್ಕ ಮೇಲೆ ವೀಲ್ ಆರಿಸುವುದು ಕಷ್ಟವಾಗಲಿಲ್ಲ. ಎಪ್ಪತ್ತರ ದಶಕದ ಎಂಜಿಬಿಗಳಿಗೆ ಬರುತ್ತಿದ್ದ 14 ಇಂಚಿನ, 5 ಇಂಚು ಅಗಲದ ರೋಸ್ಟೈಲ್ ಎಂಬ ವಿನ್ಯಾಸದ ಉಕ್ಕಿನ ವೀಲ್‌ಗಳು ಇದೇ ಗಾಡಿಗೆಂದು ಮಾಡಿದವಾದ್ದರಿಂದ ಆಫ್‌ಸೆಟ್ಟಿನ ತಕರಾರಿಲ್ಲ, ಸ್ಪೇಸರ್ ಬೇಡ. ಇಂಗ್ಲೆಂಡಿನಿಂದ ಊರಿಗೆ ಮರಳುತ್ತಿದ್ದ ಗೆಳೆಯನ ಮನೆಸಾಮಾನಿನ ಜೊತೆ ನಾಲ್ಕು ಹಳೆಯ ವೀಲ್ ಬಂದವು. ಸ್ಯಾಂಡ್ ಬ್ಲಾಸ್ಟ್ ಮಾಡಿಸಿ, ಬೆಳ್ಳಿಯ ಬಣ್ಣದ ನಡುವಿನ ಕಪ್ಪು ಭಾಗಗಳಿಗೆ ಟೇಪು ಅಂಟಿಸಿ ನಾನೇ ಬಣ್ಣ ಹೊಡೆದೆ; ಒಂದೊಂದು ವೀಲಿಗೆ ಒಂದೊಂದು ರಾತ್ರಿ ಹಿಡಿಯಿತು. 1966ರ ಗಾಡಿಗೆ ಇವು ಹೊಂದುವುದಿಲ್ಲ ಎಂಬ ಆಕ್ಷೇಪ ನ್ಯಾಯವಾದದ್ದು, ಆದರೆ ನನ್ನ ಗಾಡಿ ಪ್ರದರ್ಶನಕ್ಕಿಂತ ಹೆಚ್ಚಾಗಿ ರಸ್ತೆಯಲ್ಲಿರುತ್ತದೆ.

ಯಾರೂ ಗಮನಿಸದ ಸಂಗತಿ ಇಲ್ಲಿದೆ. ಟೈರಿನ ಮೇಲೆ 185 ಎಂದು ಬರೆದಿದ್ದರೂ ಆ ಅಗಲ ನಿರ್ದಿಷ್ಟ ರಿಮ್ಮಿನ ಮೇಲೆ ಅಳೆದದ್ದು. ರಿಮ್ಮು ಅರ್ಧ ಇಂಚು ಕಡಿಮೆಯಾದರೆ ಟೈರಿನ ಅಗಲ 5 ಮಿಲಿಮೀಟರಿನಷ್ಟು ಕಿರಿದಾಗುತ್ತದೆ. 185/70ಕ್ಕೆ ನಾಲ್ಕೂವರೆಯಿಂದ 6 ಇಂಚಿನವರೆಗೆ ಅನುಮತಿ ಇರುವುದರಿಂದ 5 ಇಂಚಿನ ರಿಮ್ಮಿನಲ್ಲಿ ಅದು ನಿಯಮದೊಳಗೇ ಇದ್ದು ನನಗೆ ಬೇಕಿದ್ದ ಜಾಗವನ್ನು ಬಿಟ್ಟುಕೊಟ್ಟಿತು. ಒಂದೇ ಸಂಖ್ಯೆಯ ಟೈರುಗಳು ಕಂಪನಿಯಿಂದ ಕಂಪನಿಗೆ ನಾಲ್ಕೈದು ಮಿಲಿಮೀಟರ್ ಬದಲಾಗುತ್ತವೆ. ಹಾಗಾಗಿ ಅಂಗಡಿಗೆ ವರ್ನಿಯರ್ ಹಿಡಿದುಕೊಂಡೇ ಹೋಗಿ, ಒಂದು ಟೈರನ್ನು ನನ್ನ ರಿಮ್ಮಿಗೆ ಕೂರಿಸಿ ಗಾಳಿ ತುಂಬಿಸಿ ಅಳೆದ ಮೇಲೆ ಉಳಿದ ಮೂರಕ್ಕೆ ದುಡ್ಡು ಕೊಟ್ಟೆ. ವ್ಯಾಸ ಸುಮಾರು 615, ಸ್ಪೀಡೋಮೀಟರ್ ಮುಳ್ಳು ಹೆಚ್ಚುಕಡಿಮೆ ಮೊದಲಿನಂತೆಯೇ ಇದೆ.

ಇದೇ ಹೊತ್ತಿಗೆ ಗೆಳೆಯನೊಬ್ಬನ ವೈರ್ ವೀಲ್ ಎಂಜಿಬಿಗೂ ಇದೇ ಟೈರು ಹಾಕಿ ನೋಡಿದೆವು. ಟ್ಯೂಬು ಬೇಕೇ ಬೇಕಾದ ಆ ವೀಲಿನಲ್ಲಿ ತಿಂಗಳಿಗೊಮ್ಮೆ ಪಂಕ್ಚರ್ ಆಗುತ್ತಿತ್ತು, ಮೊಳೆ ಮಾತ್ರ ಸಿಗುತ್ತಿರಲಿಲ್ಲ. ಬಿಚ್ಚಿ ಒಳಗೆ ಬೆರಳಾಡಿಸಿದರೆ ಟ್ಯೂಬ್‌ಲೆಸ್ ಟೈರಿನ ಒಳಗೋಡೆಯ ಸಣ್ಣ ಏಣುಗಳು, ಅಂಟಿಸಿದ ಲೇಬಲ್ಲಿನ ಅಂಚು ಟ್ಯೂಬನ್ನು ಅರದಂತೆ ತಿನ್ನುತ್ತಿದ್ದವು. ಲೇಬಲ್ ಕಿತ್ತು, ಏಣುಗಳನ್ನು ನಯವಾದ ಉಪ್ಪುಕಾಗದದಿಂದ ಮೃದುವಾಗಿ ಉಜ್ಜಿ, ಕಡ್ಡಿಗಳ ತುದಿಯ ಮೇಲೆ ಹೊಸ ರಿಮ್ ಟೇಪ್ ಸುತ್ತಿ, ಫ್ರೆಂಚ್ ಚಾಕ್ ಪುಡಿ ಹಾಕಿದ ಮೇಲೆ ಅವನಿಗೆ ಪಂಕ್ಚರ್ ಆಗಿಲ್ಲ.

ಗಾಳಿಯ ವಿಷಯದಲ್ಲಿ ಎಚ್ಚರ ಬೇಕು. ಕೈಪಿಡಿ ಮುಂದಕ್ಕೆ 21, ಹಿಂದಕ್ಕೆ 24 ಪೌಂಡ್ ಹೇಳುತ್ತದೆ. ಪಂಕ್ಚರ್ ಅಂಗಡಿಯ ಹುಡುಗ ಕೇಳದೆಯೇ 32 ತುಂಬುತ್ತಾನೆ, ಆಗ ಒಂಬೈನೂರು ಚಿಲ್ಲರೆ ಕಿಲೋ ತೂಕದ ಗಾಡಿ ಗುಂಡಿ ಸಿಕ್ಕಲ್ಲೆಲ್ಲ ಕುಪ್ಪಳಿಸುತ್ತದೆ. ಟೈರಿನ ಮೇಲೆ ಅಡ್ಡಲಾಗಿ ಸೀಮೆಸುಣ್ಣದ ಗೆರೆ ಎಳೆದು ಇನ್ನೂರು ಮೀಟರ್ ಓಡಿಸಿ, ಗೆರೆ ಎಲ್ಲಿ ಮೊದಲು ಅಳಿಯುತ್ತದೆಂದು ನೋಡುತ್ತ ಮುಂದೆ 25, ಹಿಂದೆ 27ಕ್ಕೆ ಬಂದು ನಿಂತೆ. ಪಾರ್ಕ್ ಮಾಡುವಾಗ ಸ್ಟಿಯರಿಂಗ್ ಮೊದಲಿಗಿಂತ ಭಾರವಾಗಿದೆ, ಅದು ನಿಜ.

ಐದನೆಯ ರೋಸ್ಟೈಲ್ ಸಿಗದಿದ್ದರಿಂದ ಹಳೆಯ 4 ಇಂಚಿನ ವೀಲೊಂದಕ್ಕೆ ಸ್ವಿಫ್ಟ್ ಗಾಡಿಗೆ ಬರುವ 165/80 ಆರ್ 14 ಹಾಕಿಸಿ ಸ್ಟೆಪ್ನಿ ಮಾಡಿಕೊಂಡಿದ್ದೇನೆ. ವ್ಯಾಸದಲ್ಲಿ 5 ಮಿಲಿಮೀಟರ್ ಮಾತ್ರ ವ್ಯತ್ಯಾಸ, ಡಿಕ್ಕಿಯಲ್ಲಿ ಜಾಗವೂ ಉಳಿಯಿತು. ವೀಲ್, ಬಣ್ಣ, ಟೈರು, ಬುಶ್ ಎಲ್ಲ ಸೇರಿ ಎಪ್ಪತ್ತೈದು ಸಾವಿರದೊಳಗೆ ಮುಗಿದಿದೆ. ಅದಕ್ಕೆ ಮೊದಲು ತಪ್ಪುಗಳಲ್ಲಿ ಕಳೆದದ್ದು ಇದಕ್ಕಿಂತ ಹೆಚ್ಚು.

ಹೋದ ನವೆಂಬರಿನಲ್ಲಿ ಇಬ್ಬರು, ಎರಡು ಬ್ಯಾಗು, ತುಂಬಿದ ಟ್ಯಾಂಕಿನೊಂದಿಗೆ ಚಾರ್ಮಾಡಿ ಘಾಟಿ ಇಳಿದು ಮತ್ತೆ ಹತ್ತಿ ಬಂದೆವು. ಹೊರಡುವ ಮುನ್ನ ಎಡ ಫೆಂಡರಿನ ಒಳಮಡಿಕೆಗೆ ಬಿಳಿ ಶೂ ಪಾಲಿಷ್ ಬಳಿದಿದ್ದೆ. ಮರಳಿದ ದಿನ ಮೆಕ್ಯಾನಿಕ್ ತಾವೇ ಟಾರ್ಚ್ ಹಿಡಿದು ಕೆಳಗೆ ಮಲಗಿ, ಬೆರಳಿನಿಂದ ಮಡಿಕೆಯನ್ನು ಉದ್ದಕ್ಕೂ ಸವರಿ ನೋಡಿದರು. ಪಾಲಿಷ್ ಬಳಿದ ಹಾಗೆಯೇ ಇತ್ತು.