ಕೊನೆಯ ಮೆಟ್ಟಿಲು ಒಂಬತ್ತೂವರೆ ಇಂಚು: ಹೋಮ್‌ಸ್ಟೇ ಗಾಯಕ್ಕೆ ಪರಿಹಾರ ಪಡೆದ ನನ್ನ ಅನುಭವ

ಕಳೆದ ತಿಂಗಳು ನನ್ನ ಖಾತೆಗೆ ಸುಮಾರು 2 ಲಕ್ಷ 30 ಸಾವಿರ ರೂಪಾಯಿ ಜಮೆಯಾಯಿತು. ಮೂವರು ವಕೀಲರು ಬಾರದು ಎಂದಿದ್ದ ಹಣ ಅದು. ಒಬ್ಬರು ಪ್ರಕರಣ ಕೈಗೆತ್ತಿಕೊಳ್ಳಲೇ ಒಪ್ಪಲಿಲ್ಲ. ಇನ್ನೊಬ್ಬರು, "ಜಾರಿ ಬಿದ್ದವರು ನೀವು, ಮನೆ ಬಾಡಿಗೆಗೆ ಕೊಟ್ಟವನು ಏಕೆ ಕೊಡಬೇಕು?" ಎಂದು ನೇರವಾಗಿಯೇ ಕೇಳಿದರು. ಮೂರನೆಯವರು, ಗ್ರಾಹಕ ಆಯೋಗ ಇಂಥದ್ದನ್ನು ಸಿವಿಲ್ ನ್ಯಾಯಾಲಯಕ್ಕೆ ಹೋಗಿ ಎಂದು ಕಳುಹಿಸಿಬಿಡುತ್ತದೆ ಎಂದರು. ಕೊನೆಗೆ ನಾನೇ ವಾದಿಸಿದೆ. ಮೊದಲು ಎರಡು ಸಣ್ಣ ಮರುಪಾವತಿ ಪ್ರಕರಣಗಳನ್ನು ಸ್ವತಃ ನಡೆಸಿದ್ದ ಧೈರ್ಯವಿತ್ತು. ನನ್ನ ಹಾಗೆ ಆಯೋಗದ ಮೆಟ್ಟಿಲು ಹತ್ತಿ ಅಭ್ಯಾಸ ಇರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ದೂರು, ಪ್ರಮಾಣಪತ್ರ, ಅನುಬಂಧ ಎಂದರೇನು ಎಂಬುದನ್ನು ವಿವರಿಸಲು ಹೋಗುವುದಿಲ್ಲ.

2022ರ ಕೊನೆ. ಮಲೆನಾಡಿನ ಒಂದು ಹೋಮ್‌ಸ್ಟೇ. ಆ್ಯಪ್ ಮೂಲಕ ಎರಡು ರಾತ್ರಿಗೆ ಏಳು ಸಾವಿರದಷ್ಟು ಕೊಟ್ಟಿದ್ದೆವು. ರಾತ್ರಿ ಎಂಟೂವರೆಯ ಸುಮಾರಿಗೆ ಹೊರಗಿನ ಮೆಟ್ಟಿಲು ಇಳಿಯುವಾಗ ಕೊನೆಯ ಮೆಟ್ಟಿಲಿನಲ್ಲಿ ಕಾಲು ನೆಲಕ್ಕೆ ಸಿಗಲೇ ಇಲ್ಲ. ಬಲಗಾಲಿನ ಹರಡಿನ ಮೂಳೆ ಎರಡು ಕಡೆ ಮುರಿದು ಪ್ಲೇಟು, ಸ್ಕ್ರೂ ಹಾಕಬೇಕಾಯಿತು. ಮೂರು ತಿಂಗಳು ಕೆಲಸವಿಲ್ಲ.

ಗೆದ್ದದ್ದು ಒಂದು ಅಳತೆ ಟೇಪಿನಿಂದ. ನನ್ನನ್ನು ಆಸ್ಪತ್ರೆಗೆ ಸೇರಿಸಿದ ಗೆಳೆಯ ಮರುದಿನ ಸಾಮಾನು ತರಲು ಅಲ್ಲಿಗೆ ಹೊರಟಾಗ, ಪ್ರತಿ ಮೆಟ್ಟಿಲಿಗೂ ಟೇಪ್ ಹಿಡಿದು ಫೋಟೋ ತೆಗೆದುಕೊಂಡು ಬಾ ಎಂದೆ. ಹದಿಮೂರು ಮೆಟ್ಟಿಲು, ಹದಿಮೂರು ಫೋಟೋ. ಹನ್ನೆರಡು ಮೆಟ್ಟಿಲುಗಳ ಎತ್ತರ ಆರೂವರೆ ಇಂಚಿನ ಆಸುಪಾಸು. ಹದಿಮೂರನೆಯದು ಒಂಬತ್ತೂವರೆ. ಅಂಗಳದ ಮಣ್ಣು ಮಳೆಗೆ ಕೊಚ್ಚಿಹೋಗಿ ಕೊನೆಯ ಮೆಟ್ಟಿಲಿನ ಬುಡ ಬಯಲಾಗಿತ್ತು. ಹಳೆಯ ಸಿಮೆಂಟಿನ ಗೆರೆಯ ಕೆಳಗೆ ಮೂರು ಇಂಚು ಹಸಿಕಲ್ಲು ಫೋಟೋದಲ್ಲಿ ಎದ್ದು ಕಾಣುತ್ತಿತ್ತು. ಹಿಡಿಕಂಬಿ ಇರಲಿಲ್ಲ. ರಾಷ್ಟ್ರೀಯ ಕಟ್ಟಡ ಸಂಹಿತೆ 2016ರ ಪ್ರಕಾರ ವಾಸದ ಕಟ್ಟಡದಲ್ಲಿ ಒಂದು ಮೆಟ್ಟಿಲಿನ ಎತ್ತರ 190 ಮಿಲಿಮೀಟರ್ ಮೀರಬಾರದು. ಇದು 240 ಮುಟ್ಟಿತ್ತು. ನೋವು, ಸಂಕಟ, ಅನ್ಯಾಯ ಎಂದು ಎಷ್ಟು ಪುಟ ಬರೆದರೂ ಆ ಒಂದು ಫೋಟೋಗೆ ಸಮವಲ್ಲ. ಎರಡು ವಾರ ತಡವಾಗಿದ್ದರೆ ಅಲ್ಲಿ ಹೊಸ ಸಿಮೆಂಟು ಬಿದ್ದಿರುತ್ತಿತ್ತು. ವಾಸ್ತವವಾಗಿ ಬಿತ್ತು ಕೂಡ.

ಇನ್ನು ತಪ್ಪುಗಳು. ಮೊದಲನೆಯದು ಬಹುತೇಕ ಮುಳುಗಿಸಿಯೇಬಿಟ್ಟಿತ್ತು. ಆಸ್ಪತ್ರೆಯ ಡಿಸ್ಚಾರ್ಜ್ ಸಾರಾಂಶದಲ್ಲಿ "ಮನೆಯಲ್ಲಿ ಮೆಟ್ಟಿಲಿನಿಂದ ಬಿದ್ದು" ಎಂದಿತ್ತು. ಹೋಮ್‌ಸ್ಟೇ ಎಂದದ್ದನ್ನು ಯಾರೋ ಮನೆ ಎಂದು ಬರೆದಿದ್ದರು. ಓದದೆ ಸಹಿ ಹಾಕಿ ಬಂದಿದ್ದೆ. ಮಾಲೀಕನ ವಕೀಲರು ಹಿಡಿದುಕೊಂಡದ್ದು ಅದನ್ನೇ. ತುರ್ತು ಚಿಕಿತ್ಸಾ ಘಟಕದಲ್ಲಿ ಮೊದಲ ಅರ್ಧ ಗಂಟೆಯಲ್ಲಿ ಬರೆದ ಹಾಳೆಯಲ್ಲಿ ಮಾತ್ರ ಸ್ಥಳದ ಹೆಸರು ಸರಿಯಾಗಿತ್ತು. ರೋಗಿ ಕೇಳಿದ 72 ಗಂಟೆಯೊಳಗೆ ದಾಖಲೆ ಕೊಡಬೇಕೆಂದು ವೈದ್ಯಕೀಯ ಮಂಡಳಿಯ 2002ರ ನಿಯಮಾವಳಿ ಹೇಳುತ್ತದೆ. ಅದನ್ನು ಉಲ್ಲೇಖಿಸಿ ಪತ್ರ ಕೊಟ್ಟು ಇಡೀ ಕೇಸ್ ಶೀಟಿನ ಪ್ರತಿ ತೆಗೆದುಕೊಂಡೆ. ಆ ಒಂದು ಹಾಳೆ ಇಲ್ಲದಿದ್ದರೆ ನಾನು ನನ್ನ ಮನೆಯಲ್ಲೇ ಬಿದ್ದವನಾಗುತ್ತಿದ್ದೆ.

ಎರಡನೆಯದು ನೋಟಿಸು. ಸಿಟ್ಟಿನಲ್ಲಿ ಲೆಕ್ಕವೇ ಇಲ್ಲದೆ 15 ಲಕ್ಷ ಕೇಳಿದೆ. ಅದೂ ಆ್ಯಪಿನಲ್ಲಿದ್ದ ಅರ್ಧಂಬರ್ಧ ವಿಳಾಸಕ್ಕೆ. ಲಕೋಟೆ ಹಾಗೆಯೇ ಮರಳಿ ಬಂತು. ಆಗ ನೆನಪಾದದ್ದು 2020ರ ಇ-ಕಾಮರ್ಸ್ ನಿಯಮಗಳ 5ನೇ ನಿಯಮ: ಖರೀದಿಯ ನಂತರ ಗ್ರಾಹಕ ಲಿಖಿತವಾಗಿ ಕೇಳಿದರೆ ಮಾರಾಟಗಾರನ ವಿಳಾಸವನ್ನು ವೇದಿಕೆ (ಇಲ್ಲಿ ಆ ಆ್ಯಪಿನ ಕಂಪನಿ) ಕೊಡಲೇಬೇಕು. ಕುಂದುಕೊರತೆ ಅಧಿಕಾರಿ 48 ಗಂಟೆಯೊಳಗೆ ಸ್ವೀಕೃತಿ ಕೊಡಬೇಕು, ಒಂದು ತಿಂಗಳಲ್ಲಿ ಪರಿಹರಿಸಬೇಕು. ಎರಡು ಸಾಲಿನ ಇಮೇಲ್ ಸಾಕಾಯಿತು, ಇಪ್ಪತ್ತು ದಿನದಲ್ಲಿ ಪೂರ್ಣ ವಿಳಾಸ ಬಂತು. ಎರಡನೇ ನೋಟಿಸಿನಲ್ಲಿ 6 ಲಕ್ಷ ಕೇಳಿದೆ, ಪ್ರತಿ ಸಾಲಿಗೂ ಬಿಲ್ಲಿನ ಸಂಖ್ಯೆ ಹಾಕಿದೆ. ಆ ನೋಟಿಸಿನ ಕೊನೆಯ ಪ್ಯಾರಾದಲ್ಲಿ ಮಾಲೀಕನಿಗೆ ಒಂದು ಪ್ರಶ್ನೆ ಇಟ್ಟಿದ್ದೆ. ಅದಕ್ಕೆ ಅವನು ಕೊಟ್ಟ ಉತ್ತರ ಮುಂದೆ ಅವನನ್ನೇ ಕಟ್ಟಿಹಾಕಿತು. ಪ್ರಶ್ನೆ ಏನೆಂದು ಇಲ್ಲಿ ಬರೆಯುವುದಿಲ್ಲ. ಪರಿಚಿತರೊಬ್ಬರ ಪ್ರಕರಣದಲ್ಲಿ ಈಗಲೂ ಅದು ಕೆಲಸ ಮಾಡುತ್ತಿದೆ.

ಪೊಲೀಸ್ ದೂರನ್ನೂ ಯೋಚಿಸಿದ್ದೆ. ನಿರ್ಲಕ್ಷ್ಯದಿಂದ ತೀವ್ರ ಗಾಯಕ್ಕೆ ಆಗ ಐಪಿಸಿ 338 ಇತ್ತು, 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 125 ಬಂದಿದೆ. ಅದರಿಂದ ಮಾಲೀಕನಿಗೆ ಶಿಕ್ಷೆಯಾಗಬಹುದು, ನನ್ನ ಬಿಲ್ಲು ತೀರುವುದಿಲ್ಲ. ಸಿವಿಲ್ ದಾವೆಗೆ ಕೇಳಿದ ಮೊತ್ತದ ಮೇಲೆ ನ್ಯಾಯಾಲಯ ಶುಲ್ಕ ಕಟ್ಟಬೇಕು. ಆಯೋಗದಲ್ಲಿ ಲೆಕ್ಕಕ್ಕೆ ಬರುವುದು ಸೇವೆಗೆ ಕೊಟ್ಟ ಹಣ. ಅದು 5 ಲಕ್ಷದ ಒಳಗಿದ್ದರೆ ಶುಲ್ಕವೇ ಇಲ್ಲ. ಅದಕ್ಕಿಂತ ದೊಡ್ಡ ಅನುಕೂಲ, 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯ 34ನೇ ಕಲಂ ಪ್ರಕಾರ ನಾನು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಹಳೆಯ 1986ರ ಕಾಯಿದೆಯಲ್ಲಿ ಇದಿರಲಿಲ್ಲ. ಪ್ರತಿ ವಿಚಾರಣೆಗೂ ಬಸ್ ಹತ್ತಬೇಕಾದದ್ದು ಮಾಲೀಕನ ಕಡೆಯವರೇ. ಎರಡು ವರ್ಷದ ಕಾಲಮಿತಿಯಲ್ಲಿ ಎಂಟು ತಿಂಗಳು ಆಗಲೇ ಕಳೆದಿತ್ತು.

ಇ-ದಾಖಿಲ್‌ನಲ್ಲಿ ಸಲ್ಲಿಸಿದ ದೂರು (ಆಯೋಗದ ಆನ್‌ಲೈನ್ ತಾಣ, ಈಗ ಇ-ಜಾಗೃತಿ) ಎರಡು ಬಾರಿ ಆಕ್ಷೇಪಣೆಯೊಂದಿಗೆ ಮರಳಿತು. ಒಮ್ಮೆ ಪುಟಸಂಖ್ಯೆಗೆ. ಇನ್ನೊಮ್ಮೆಯದು ನಿಜವಾದ ತಪ್ಪು: ಫೋಟೋ ತೆಗೆದದ್ದು ಗೆಳೆಯನ ಮೊಬೈಲಿನಲ್ಲಿ, ಡಿಜಿಟಲ್ ಸಾಕ್ಷ್ಯದ ಜೊತೆ ಲಗತ್ತಿಸಬೇಕಾದ 65ಬಿ ಪ್ರಮಾಣಪತ್ರ ಕೊಟ್ಟವನು ನಾನು. ಸಾಧನ ಯಾರದೋ ಅವರೇ ಕೊಡಬೇಕು. ಈಗ ಅದು ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ, ನಮೂನೆಯಲ್ಲಿ ಹ್ಯಾಶ್ ಮೌಲ್ಯವನ್ನೂ (ಕಡತದ ಬೆರಳಚ್ಚಿನಂಥ ಸಂಕೇತ) ತುಂಬಬೇಕು.

ನಡುವೆ ಒಂದೆರಡು ಪ್ರಯೋಗ ಮಾಡಿದೆ. ಮೆಟ್ಟಿಲಿನ ಬಲ್ಬು ಉರಿಯುತ್ತಿರಲಿಲ್ಲ ಎಂದು ಸಾಬೀತುಪಡಿಸಲು, ಬೆಳಕು ಅಳೆಯುವ ಮೊಬೈಲ್ ಆ್ಯಪ್ ಹಿಡಿದು ಅಂಥದ್ದೇ ಮೆಟ್ಟಿಲುಗಳಲ್ಲಿ ನಾಲ್ಕು ರಾತ್ರಿ ಅಳತೆ ತೆಗೆದು ಪಟ್ಟಿ ಮಾಡಿದೆ. ಆಯೋಗ ಅದನ್ನು ಗಣನೆಗೇ ತೆಗೆದುಕೊಳ್ಳಲಿಲ್ಲ. ಬೆಳಕಿನ ವಿಷಯ ಇತ್ಯರ್ಥವಾದದ್ದು ಬೇರೆ ರೀತಿಯಲ್ಲಿ: ಅಂದು ಸಂಜೆ ಆರಕ್ಕೆ ಆ್ಯಪಿನ ಸಂದೇಶದಲ್ಲೇ "ಹೊರಗೆ ಲೈಟ್ ಇಲ್ಲ" ಎಂದು ಕಳುಹಿಸಿದ್ದೆ, ಮಾಲೀಕ "ನಾಳೆ ಹಾಕಿಸುತ್ತೇನೆ" ಎಂದಿದ್ದ. ಫೋನಿನಲ್ಲಿ ಹೇಳಿದ್ದರೆ ಗಾಳಿಗೆ ಹೋಗುತ್ತಿತ್ತು. ಹೋಮ್‌ಸ್ಟೇಗೆ ನೋಂದಣಿ ಇದೆಯೇ ಎಂದು ಮಾಹಿತಿ ಹಕ್ಕಿನಲ್ಲಿ ಹತ್ತು ರೂಪಾಯಿ ಕಟ್ಟಿ ಕೇಳಿದೆ. ಒಂದೇ ಅರ್ಜಿಯಲ್ಲಿ ಕಟ್ಟಡ ಪರವಾನಗಿಯನ್ನೂ ಸೇರಿಸಿದ್ದರಿಂದ ಅದು ಮರಳಿ ಬಂತು. ಕರ್ನಾಟಕದ ನಿಯಮದಲ್ಲಿ ಅರ್ಜಿ ಒಂದೇ ವಿಷಯಕ್ಕೆ ಸಂಬಂಧಿಸಿರಬೇಕು, ಸಾಮಾನ್ಯವಾಗಿ 150 ಪದ ಮೀರಬಾರದು. ಎರಡಾಗಿ ಒಡೆದು ಹಾಕಿದೆ. ನೋಂದಣಿ ಇಲ್ಲ ಎಂಬ ಒಂದು ಸಾಲಿನ ಉತ್ತರ ಬಂತು, ಅದು ಲೆಕ್ಕಕ್ಕೆ ಬಂತು.

ವಿಚಾರಣೆಯಲ್ಲಿ ಮಾಲೀಕ ನೋಟಿಸು ತಲುಪಿದ 52ನೇ ದಿನ ದೂರಿಗೆ ಉತ್ತರವಾಗಿ ಲಿಖಿತ ಹೇಳಿಕೆ ತಂದ. ಕಾಯಿದೆ ಕೊಡುವುದು 30 ದಿನ, ಮೇಲೆ ಹೆಚ್ಚೆಂದರೆ 15. ಅದನ್ನು ದಾಟಿ ಅವಕಾಶ ಕೊಡುವಂತಿಲ್ಲ ಎಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2020ರ ಮಾರ್ಚ್‌ನಲ್ಲಿ ಹೇಳಿದೆ. ನೋಟಿಸು ತಲುಪಿದ ದಿನದ ಅಂಚೆ ಟ್ರ್ಯಾಕಿಂಗ್ ಪುಟವನ್ನು ಮುದ್ರಿಸಿ ಇಟ್ಟುಕೊಂಡಿದ್ದೆ. ಹೇಳಿಕೆ ದಾಖಲೆಗೆ ಹೋಗಲಿಲ್ಲ. ಅಂದು ಹೊರಗೆ ಬಂದಾಗ, ನನ್ನ ಪ್ರಕರಣ ಒಲ್ಲೆ ಎಂದಿದ್ದ ವಕೀಲರು ಎದುರಾಗಿ ಕೈಕುಲುಕಿದರು.

ಉಳಿದದ್ದು ಕಾನೂನಿನ ವಾದ. "ಅತಿಥಿಗಳ ಸ್ವಂತ ಜವಾಬ್ದಾರಿ" ಎಂಬ ಫಲಕಕ್ಕೆ ನಾನು ಕೊಟ್ಟ ಉತ್ತರ 2019ರ ತಾಜ್ ಮಹಲ್ ಹೋಟೆಲ್ ತೀರ್ಪು. ಅದು ಕಾರು ಕಳವಿನ ಪ್ರಕರಣ. ಆದರೂ ತನ್ನ ನಿರ್ಲಕ್ಷ್ಯವನ್ನು ಚೀಟಿಯ ಹಿಂದಿನ ಷರತ್ತಿನಿಂದ ಮುಚ್ಚಿಕೊಳ್ಳಲಾಗದು ಎಂಬ ತತ್ವ ಇಲ್ಲಿಗೂ ಹೊಂದಿತು. ವೇದಿಕೆಯು, ವ್ಯಾಜ್ಯವನ್ನು ಖಾಸಗಿ ಮಧ್ಯಸ್ಥಗಾರರ ಬಳಿಗೇ ಒಯ್ಯಬೇಕೆಂಬ ಮಧ್ಯಸ್ಥಿಕೆ ಷರತ್ತು ಮುಂದಿಟ್ಟಿತು. ಆ ಷರತ್ತು ಗ್ರಾಹಕ ದೂರನ್ನು ತಡೆಯದು ಎಂದು ಎಮಾರ್ ಎಂಜಿಎಫ್ ಪ್ರಕರಣದಲ್ಲಿ 2018ರಲ್ಲೇ ತೀರ್ಮಾನವಾಗಿದೆ. ಜಟಿಲ ವಿಷಯ, ಸಿವಿಲ್ ಕೋರ್ಟಿಗೆ ಕಳುಹಿಸಿ ಎಂಬ ವಾದಕ್ಕೆ ಉತ್ತರ, ಜಟಿಲ ವಿಷಯವನ್ನೂ ಆಯೋಗವೇ ತೀರ್ಮಾನಿಸಬಹುದು ಎನ್ನುವ 2002ರ ಜೆ.ಜೆ. ಮರ್ಚಂಟ್ ತೀರ್ಪು. ಹೋಟೆಲ್ ಗಾಯ ಎಂದಾಕ್ಷಣ ಕೆಲವರು ದೆಹಲಿಯ ಈಜುಕೊಳದಲ್ಲಿ ಗಾಯಗೊಂಡ ಜರ್ಮನ್ ಪೈಲಟ್‌ನ ತೀರ್ಪನ್ನು ಎತ್ತಿಕೊಳ್ಳುತ್ತಾರೆ. ಅದು ಮುಂದೆ ಮೇಲ್ಮನವಿಯಲ್ಲಿ ಬಿದ್ದುಹೋಗಿದೆ, ಎದುರಾಳಿಗೆ ಅಸ್ತ್ರ ಕೊಟ್ಟಂತಾಗುತ್ತದೆ.

ರಾಜಿ ಸಂಧಾನದಲ್ಲಿ 25 ಸಾವಿರ ಕೊಡಲು ಬಂದರು. ಫಿಸಿಯೋಥೆರಪಿಗೇ ಅಷ್ಟು ಹೋಗಿತ್ತು, ಎದ್ದು ಬಂದೆ. ಆಸ್ಪತ್ರೆ ಬಿಲ್ಲು 1.9 ಲಕ್ಷದ ಹತ್ತಿರ, ವಿಮೆ ಸುಮಾರು 1.3 ಲಕ್ಷ ಕೊಟ್ಟಿತ್ತು. ವಿಮೆ ಕೊಟ್ಟದ್ದನ್ನು ನಾನು ಕೇಳಲೇ ಇಲ್ಲ. ಬಿಲ್ಲು ಕಳೆದುಕೊಂಡ ಔಷಧಿಗಳನ್ನು ಆಯೋಗ ಕೈಬಿಟ್ಟು ಚಿಕಿತ್ಸೆಗೆ 70 ಸಾವಿರ ಕೊಟ್ಟಿತು. ಕಳೆದುಹೋದ ಸಂಪಾದನೆಗೆ ಕೇಳಿದ್ದು 1.2 ಲಕ್ಷ, ಸಿಕ್ಕದ್ದು ಅರ್ಧ. ಆದಾಯ ತೆರಿಗೆ ವಿವರಗಳಲ್ಲಿ ನನ್ನ ತಿಂಗಳ ಆದಾಯ ಸ್ಪಷ್ಟವಾಗಿ ಕಾಣುತ್ತಿರಲಿಲ್ಲ. ಮಾನಸಿಕ ಯಾತನೆಗೆ 75 ಸಾವಿರ, ಖರ್ಚಿಗೆ 10 ಸಾವಿರ, ಮೇಲೆ ಶೇ 6 ಬಡ್ಡಿ. ನನ್ನ ಕೈಯಿಂದ ಖರ್ಚಾದದ್ದು ನೋಟರಿ, ಅಂಚೆ, ಜೆರಾಕ್ಸ್ ಎಲ್ಲ ಸೇರಿ ಆರೇಳು ಸಾವಿರ ಇರಬಹುದು.

ಆದೇಶ ಬಂದ ಮೇಲೆ ಮಾಲೀಕ ಮೇಲ್ಮನವಿಯ ಮಾತಾಡಿದ. ರಾಜ್ಯ ಆಯೋಗಕ್ಕೆ ಹೋಗಲು ಆದೇಶಿತ ಮೊತ್ತದ ಅರ್ಧ ಮೊದಲೇ ಠೇವಣಿ ಇಡಬೇಕೆಂದು ತಿಳಿದ ಮೇಲೆ ಆ ಮಾತು ನಿಂತಿತು. ಹಣವೂ ಬರಲಿಲ್ಲ. 72ನೇ ಕಲಂ ಅಡಿ ಅರ್ಜಿ ಹಾಕಿದೆ. ಆದೇಶ ಪಾಲಿಸದಿದ್ದರೆ ಒಂದು ತಿಂಗಳಿಂದ ಮೂರು ವರ್ಷದವರೆಗೆ ಜೈಲು, ಇಲ್ಲವೇ ದಂಡ, ಇಲ್ಲವೇ ಎರಡೂ ಆಗಬಹುದು. ಅದರ ನೋಟಿಸು ತಲುಪಿದ ಹದಿನೈದು ದಿನದಲ್ಲಿ ಹಣ ಬಂತು.

ಒಂದು ಕೊರಗು ಉಳಿದಿದೆ. ವೇದಿಕೆಯ ವಿರುದ್ಧದ ದೂರನ್ನು ಆಯೋಗ ವಜಾ ಮಾಡಿತು, ಅದು ಬರೀ ಮಧ್ಯವರ್ತಿ ಎಂದು. ನೋಂದಣಿಯೇ ಇಲ್ಲದ ಮನೆಯನ್ನು "ಪರಿಶೀಲಿಸಿದ ತಾಣ" ಎಂದು ತೋರಿಸಿದ್ದ ಪುಟದ ಚಿತ್ರ ನನ್ನ ಬಳಿ ಇತ್ತು. ಅದನ್ನು ದೂರಿನ ಜೊತೆ ಹಾಕದೆ ವಾದದ ದಿನ ತೆಗೆದೆ, ಸ್ವೀಕರಿಸಲಿಲ್ಲ. ಮೇಲ್ಮನವಿಗೆ 45 ದಿನ ಇತ್ತು. ಹಣ ವಸೂಲಿಯ ಓಡಾಟದಲ್ಲಿ ಆ ಗಡುವು ದಾಟಿಹೋಯಿತು.