ಜರ್ಮನಿಗೆ ಬಂದಿದೀರಾ? ಹಲ್ಲು ನೋಯೋಕೆ ಮುಂಚೆ ಇಷ್ಟು ತಿಳ್ಕೊಳ್ಳಿ

ಜರ್ಮನಿಗೆ ಬಂದ ನಮ್ಮೋರು ಮೊದಲ ವರ್ಷ ಪೇಪರ್ ಕೆಲ್ಸ ಎಲ್ಲಾ ನೀಟಾಗಿ ಮುಗಿಸ್ಕೋತಾರೆ, ಆನ್‌ಮೆಲ್ಡುಂಗ್ (ಮನೆ ವಿಳಾಸ ನೋಂದಣಿ), ಬ್ಯಾಂಕ್ ಅಕೌಂಟ್, ಟ್ಯಾಕ್ಸ್ ಐಡಿ, ಇನ್ಶೂರೆನ್ಸ್ ಕಾರ್ಡ್ ಎಲ್ಲಾ, ಆದ್ರೆ ಹಲ್ಲಿನ ಡಾಕ್ಟ್ರ ಹತ್ರ ಮಾತ್ರ ಯಾರೂ ಹೋಗಲ್ಲ. ನೋವೇ ಇಲ್ವಲ್ಲ, ಯಾಕೆ ಹೋಗ್ಬೇಕು ಅನ್ನೋದು ನಮ್ಮ ಲೆಕ್ಕ. ಇಲ್ಲಿನ ವ್ಯವಸ್ಥೆ ಇದಕ್ಕೆ ಪೂರ್ತಿ ಉಲ್ಟಾ. ನೋವಿಲ್ಲದೆ ಇದ್ದಾಗ ಹೋದ್ರೆ ಹೆಚ್ಚುಕಮ್ಮಿ ಎಲ್ಲಾ ಇನ್ಶೂರೆನ್ಸ್‌ನೋರೇ ಕೊಡ್ತಾರೆ, ಹಲ್ಲು ಹಾಳಾದ್ಮೇಲೆ ಹೋದ್ರೆ ಜೇಬಿಗೆ ಕತ್ತರಿ.

ನಾನು ಬರೀತಿರೋದು ಸರ್ಕಾರಿ ಇನ್ಶೂರೆನ್ಸ್ ಇರೋರಿಗೆ, ಅಂದ್ರೆ ಟೆಕ್ನಿಕರ್, ಆಓಕೆ, ಬಾರ್ಮರ್, ಡಿಎಕೆ ಥರದ ಕ್ರಾಂಕೆನ್‌ಕಾಸೆ (ಆರೋಗ್ಯ ವಿಮೆ ಸಂಸ್ಥೆ, ಮುಂದೆ ಬರೀ ಕಾಸೆ ಅಂತೀನಿ) ಕಾರ್ಡ್ ಇರೋರಿಗೆ. ಪ್ರೈವೇಟ್ ಇದ್ರೆ ನಿಮ್ಮ ಕಾಂಟ್ರಾಕ್ಟ್‌ನಲ್ಲಿ ಏನ್ ಬರ್ದಿದ್ಯೋ ಅದೇ ಕಾನೂನು. ವೀಸಾಗೋಸ್ಕರ ತಗೊಂಡಿರೋ ಇನ್‌ಕಮಿಂಗ್ ಇನ್ಶೂರೆನ್ಸ್ ಇದ್ರೆ ಅದು ಸಾಮಾನ್ಯವಾಗಿ ನೋವು ಕಮ್ಮಿ ಮಾಡೋ ಚಿಕಿತ್ಸೆಗೆ ಮಾತ್ರ, ಚೆಕಪ್ ಗಿಕಪ್ ಎಲ್ಲಾ ಅದ್ರಲ್ಲಿ ಬರೋದು ಕಷ್ಟ.

ಹಲ್ಲಿನ ಡಾಕ್ಟ್ರ ಹತ್ರ ಹೋಗೋಕೆ ಮನೆ ಡಾಕ್ಟ್ರ ಚೀಟಿ ಬೇಡ, ಎಲ್ಲೂ ರಿಜಿಸ್ಟರ್ ಆಗ್ಬೇಕಿಲ್ಲ, ನಿಮಗೆ ಇಷ್ಟ ಬಂದ ಕ್ಲಿನಿಕ್‌ಗೆ ಫೋನ್ ಮಾಡೋದು ಅಷ್ಟೇ. ಬೋರ್ಡ್ ಮೇಲೆ "ಆಲೆ ಕಾಸೆನ್" ಅಂತಿದ್ರೆ ನಿಮ್ಮ ಕಾರ್ಡ್ ನಡೆಯುತ್ತೆ ಅಂತ ಅರ್ಥ. ಫೋನಲ್ಲಿ "ಕಂಟ್ರೋಲ್ ಟೆರ್ಮಿನ್" (ಚೆಕಪ್ ಅಪಾಯಿಂಟ್‌ಮೆಂಟ್) ಅಂದ್ರೆ ಸಾಕು, ಮಿಕ್ಕಿದ್ದು ಅವ್ರೇ ಕೇಳ್ತಾರೆ. ನೋವಿಲ್ಲ ಅಂದ್ರೆ ಕೆಲವು ವಾರ ಆಚೆಗೆ ಡೇಟ್ ಕೊಡ್ತಾರೆ, ಬೇಜಾರ್ ಮಾಡ್ಕೋಬೇಡಿ. ಹೋಗೋಕಾಗಲ್ಲ ಅಂದ್ರೆ ಹಿಂದಿನ ದಿನಾನೇ ಹೇಳ್ಬಿಡಿ, ಹೇಳದೆ ತಪ್ಪಿಸ್ಕೊಂಡ್ರೆ ಖಾಲಿ ಹೋದ ಟೈಮ್‌ಗೆ ಬಿಲ್ ಕಳ್ಸೋ ಕ್ಲಿನಿಕ್‌ಗಳಿವೆ. ಮೊದಲ ಸಲ ಒಂದು ಉದ್ದ ಫಾರ್ಮ್ ಕೊಡ್ತಾರೆ, ಬಿಪಿ, ಶುಗರ್, ಅಲರ್ಜಿ, ರಕ್ತ ತೆಳು ಮಾಡೋ ಮಾತ್ರೆ, ಪ್ರೆಗ್ನೆನ್ಸಿ ಎಲ್ಲಾ ಕೇಳಿರ್ತಾರೆ. ಸುಮ್ನೆ ಎಲ್ಲದಕ್ಕೂ ನೈನ್ (ಇಲ್ಲ) ಅಂತ ಟಿಕ್ ಮಾಡ್ಕೊಂಡು ಹೋಗ್ಬೇಡಿ.

ಚೇರ್ ಮೇಲೆ ಮಲಗಿದ್ಮೇಲೆ ಒಂದು ತಮಾಷೆ ಶುರುವಾಗುತ್ತೆ. ಡಾಕ್ಟ್ರು ಕನ್ನಡಿ ಹಿಡ್ಕೊಂಡು ಒಂದೊಂದೇ ಹಲ್ಲು ನೋಡ್ತಾ "ಐನ್ಸ್ ಆಖ್ಟ್, ಐನ್ಸ್ ಸೀಬೆನ್" ಅಂತ ನಂಬರ್ ಹೇಳ್ತಾ ಹೋಗ್ತಾರೆ, ಅಸಿಸ್ಟೆಂಟ್ ಕಂಪ್ಯೂಟರ್‌ನಲ್ಲಿ ಟಕಟಕ ಅಂತ ಒತ್ತಿರ್ತಾರೆ. ಮೊದಲ ಅಂಕಿ ಬಾಯಿಯ ಯಾವ ಕಾಲು ಭಾಗ ಅನ್ನೋದು: ನಿಮ್ಮ ಬಲಗಡೆ ಮೇಲೆ 1, ಎಡಗಡೆ ಮೇಲೆ 2, ಎಡಗಡೆ ಕೆಳಗೆ 3, ಬಲಗಡೆ ಕೆಳಗೆ 4. ಎರಡನೇ ಅಂಕಿ ಮುಂದಿನ ನಡು ಹಲ್ಲಿಂದ ಎಣಿಸ್ಕೊಂಡು ಎಷ್ಟನೇದು ಅಂತ. ಅಂದ್ರೆ 46 ಅಂದ್ರೆ ನಲವತ್ತಾರನೇ ಹಲ್ಲಲ್ಲ, ಬಲಗಡೆ ಕೆಳಗಿನ ಮೊದಲ ದೊಡ್ಡ ದವಡೆ ಹಲ್ಲು. ಮಕ್ಕಳ ಹಾಲುಹಲ್ಲಿಗೆ ಇದೇ ಲೆಕ್ಕ 5ರಿಂದ 8ರವರೆಗೆ. ಚಾರ್ಟ್‌ನಲ್ಲಿ ಸಿ ಅಂತಿದ್ರೆ ಹುಳುಕು, ಎಫ್ ಅಂದ್ರೆ ಆ ಹಲ್ಲು ಇಲ್ಲ, ಕೆ ಅಂದ್ರೆ ಕ್ಯಾಪ್ ಇದೆ. ಇಷ್ಟು ಗೊತ್ತಿದ್ರೆ ನಾಳೆ ಕೈಗೆ ಬರೋ ಎಸ್ಟಿಮೇಟು, ಬಿಲ್ಲು ಎರಡೂ ನೀವೇ ಓದ್ಕೋಬಹುದು, ಯಾವ ಹಲ್ಲಿಗೆ ಏನು ಅಂತ ಮತ್ತೆ ಕೇಳೋ ಮುಜುಗರ ಇರಲ್ಲ.

ಈಗ ದುಡ್ಡಿನ ವಿಷಯ. ವರ್ಷಕ್ಕೆ ಎರಡು ಸಲ ಚೆಕಪ್, ಕ್ಯಾಲೆಂಡರ್ ವರ್ಷಕ್ಕೆ ಒಂದ್ಸಲ ಟಾರ್ಟರ್ ತೆಗೆಯೋದು (ಹಲ್ಲಿಗೆ ಗಟ್ಟಿಯಾಗಿ ಕಟ್ಕೊಂಡಿರೋ ಪಾಚಿ, ಇಲ್ಲಿ ತ್ಸಾನ್‌ಸ್ಟೈನ್ ಅಂತಾರೆ), ಎರಡು ವರ್ಷಕ್ಕೊಂದ್ಸಲ ಒಸಡಿನ ಪರೀಕ್ಷೆ, ಇವೆಲ್ಲಾ ಕಾಸೆ ಲೆಕ್ಕದಲ್ಲೇ. ಆದ್ರೆ ರಿಸೆಪ್ಷನ್‌ನಲ್ಲಿ "ಪ್ರೊಫೆಸಿಯೊನೆಲೆ ತ್ಸಾನ್‌ರೈನಿಗುಂಗ್ ಮಾಡ್ಸೋಣ್ವಾ" ಅಂತ ಕೇಳ್ತಾರಲ್ಲ, ಅದು ಬೇರೆ, ಪೂರ್ತಿ ಹಲ್ಲು ಕ್ಲೀನಿಂಗು, ಅದಕ್ಕೆ ದುಡ್ಡು ನಿಮ್ದೇ, ಸಾಮಾನ್ಯವಾಗಿ 80ರಿಂದ 120 ಯೂರೋ. ತುಂಬಾ ಕಾಸೆಗಳು ಇದ್ರಲ್ಲಿ ಒಂದಷ್ಟು ವಾಪಸ್ ಕೊಡ್ತವೆ, ಆ್ಯಪ್‌ನಲ್ಲಿ ನೋಡಿ ಬಿಲ್ ಅಪ್‌ಲೋಡ್ ಮಾಡಿದ್ರಾಯ್ತು. ಮಾಡಿಸ್ಬೇಕಾ ಬೇಡ್ವಾ? ಒಸಡು ಚೆನ್ನಾಗಿರೋ ದೊಡ್ಡೋರಿಗೆ ಇದ್ರಿಂದ ಎಷ್ಟು ಲಾಭ ಅನ್ನೋದು ಸ್ಪಷ್ಟ ಇಲ್ಲ ಅಂತಾನೇ ಇಲ್ಲಿನ ಐಗೆಲ್ ಮಾನಿಟರ್ (ನಾವೇ ದುಡ್ಡು ಕೊಡೋ ಚಿಕಿತ್ಸೆಗಳನ್ನ ಅಳೆದು ನೋಡೋ ಸೈಟು) ಹೇಳೋದು. ನನ್ನ ಕೇಳಿದ್ರೆ ಕಾಸೆ ದುಡ್ಡು ಕೊಡ್ತಿದ್ರೆ ಮಾಡ್ಸಿ, ಇಲ್ಲಾಂದ್ರೆ ಬೇಡ ಅನ್ನೋಕೆ ಸಂಕೋಚ ಪಡ್ಬೇಡಿ, ಬೇಡ ಅಂದ್ರೆ ಯಾರೂ ಏನೂ ಅಂದ್ಕೊಳ್ಳಲ್ಲ. ಒಸಡಿನ ಕಾಯಿಲೆ ಇದ್ರೆ ಮಾತ್ರ ಕಥೆ ಬೇರೆ, ಅದಕ್ಕೆ 2021ರ ಜುಲೈಯಿಂದ ಚಿಕಿತ್ಸೆ ಆದ್ಮೇಲಿನ ಎರಡು ವರ್ಷದ ಫಾಲೋ-ಅಪ್ ಕೂಡ ಕಾಸೇನೇ ಕೊಡುತ್ತೆ.

ಚೆಕಪ್ ಮುಗಿದ್ಮೇಲೆ ಎದ್ದು ಬರೋಕೆ ಮುಂಚೆ ಒಂದು ಮಾತು ಕೇಳಿ: ಬೋನುಸ್‌ಹೆಫ್ಟ್. ಒಂದು ಸಣ್ಣ ಪುಸ್ತಕ, ಕ್ಲಿನಿಕ್‌ನಲ್ಲೇ ಪುಕ್ಕಟೆ ಕೊಡ್ತಾರೆ, ವರ್ಷಕ್ಕೊಂದು ಚೆಕಪ್ ಆಗಿದೆ ಅಂತ ಸೀಲ್ ಒತ್ತಿಸ್ಕೋಬೇಕು. ಮುಂದೆ ಯಾವತ್ತಾದ್ರೂ ಕ್ಯಾಪ್ (ಇಲ್ಲಿ ಕ್ರೋನೆ), ಬ್ರಿಡ್ಜ್, ಕಟ್ಟಿಸೋ ಹಲ್ಲು ಬೇಕಾದ್ರೆ ಕಾಸೆ ಅದಕ್ಕೆ ಒಂದು ನಿಗದಿ ಮೊತ್ತ ಕೊಡುತ್ತೆ. 2020ರ ಅಕ್ಟೋಬರ್‌ನಿಂದ ಅದು ಸ್ಟ್ಯಾಂಡರ್ಡ್ ಚಿಕಿತ್ಸೆ ಖರ್ಚಿನ 60 ಪರ್ಸೆಂಟ್, ಹಿಂದಿನ ಐದು ವರ್ಷ ಬಿಡದೆ ಸೀಲ್ ಇದ್ರೆ 70, ಹತ್ತು ವರ್ಷ ಇದ್ರೆ 75. ಒಂದು ವರ್ಷ ತಪ್ಪಿಸಿದ್ರೆ ಎಣಿಕೆ ಮೊದಲಿಂದ, ಹತ್ತು ವರ್ಷದೋರಿಗೆ ಸರಿಯಾದ ಕಾರಣ ಇದ್ರೆ ಒಂದ್ಸಲ ಮಾಫಿ ಇದೆ. ಕಾಸೆ ಬದಲಾಯಿಸಿದ್ರೂ ಪುಸ್ತಕ ನಡೆಯುತ್ತೆ, ಕಳೆದೋದ್ರೆ ಡಾಕ್ಟ್ರು ರೆಕಾರ್ಡ್ ನೋಡಿ ಮತ್ತೆ ಬರ್ಕೊಡ್ತಾರೆ. ಬಂದ ವರ್ಷಾನೇ ಶುರು ಮಾಡಿ ಅನ್ನೋದು ಇದಕ್ಕೇನೇ, ಮೂರು ವರ್ಷ ಆದ್ಮೇಲೆ ನೆನಪಾದ್ರೆ ಆ ಮೂರು ವರ್ಷ ಹೋಯ್ತು.

ಆದ್ರೆ ಈ 75 ಪರ್ಸೆಂಟ್ ಕೇಳಿ ಖುಷಿಯಾಗಿ ಕೂರೋ ಹಾಗಿಲ್ಲ. ಪರ್ಸೆಂಟ್ ಲೆಕ್ಕ ನಿಮ್ಮ ಬಿಲ್ ಮೇಲಲ್ಲ, ಸ್ಟ್ಯಾಂಡರ್ಡ್ ಚಿಕಿತ್ಸೆ ಮೇಲೆ, ಮತ್ತೆ ಹಿಂದಿನ ದವಡೆ ಹಲ್ಲಿಗೆ ಸ್ಟ್ಯಾಂಡರ್ಡ್ ಅಂದ್ರೆ ಬೆಳ್ಳಿ ಬಣ್ಣದ ಲೋಹದ ಕ್ಯಾಪು. ಲೆಕ್ಕಕ್ಕೆ ಅಂತ ಸ್ಟ್ಯಾಂಡರ್ಡ್ ಖರ್ಚು 400 ಯೂರೋ ಅಂತಿಟ್ಕೊಳ್ಳಿ, ಸೀಲೇ ಇಲ್ದೋರಿಗೆ 240 ಸಿಗುತ್ತೆ, ಹತ್ತು ವರ್ಷ ಸೀಲ್ ಇರೋರಿಗೆ 300. ನೀವು ಬಿಳಿ ಸೆರಾಮಿಕ್ ಬೇಕು ಅಂದು ಬಿಲ್ 800 ಆದ್ರೂ ಸಿಗೋದು ಅದೇ 300, ಮಿಕ್ಕ 500 ನಿಮ್ದು. ಇಂಪ್ಲಾಂಟ್ ಆದ್ರೆ ಇನ್ನೂ ಜಾಸ್ತಿ, ಮೂಳೆಗೆ ಸ್ಕ್ರೂ ಹಾಕೋ ಆಪರೇಷನ್ ಖರ್ಚು ಪೂರ್ತಿ ನಿಮ್ಮ ಮೇಲೇ. ಹತ್ತು ವರ್ಷ ಸೀಲ್ ಒತ್ತಿಸಿ ಉಳಿಯೋದು ಅರವತ್ತು ಯೂರೋನಾ ಅಂತ ಕೇಳಿದ್ರೆ ಹೌದು ಅಷ್ಟೇ, ನಿಜವಾದ ಲಾಭ ಏನಂದ್ರೆ ಆ ಸೀಲ್ ನೆಪದಲ್ಲಿ ವರ್ಷವರ್ಷ ಹೋಗಿ ಹುಳುಕು ಸಣ್ಣದಿದ್ದಾಗ್ಲೇ ಹಿಡಿಸ್ಕೊಂಡ್ರೆ ಕ್ಯಾಪ್‌ವರೆಗೆ ಹೋಗೋದೇ ಇಲ್ಲ. ಆದಾಯ ಕಮ್ಮಿ ಇರೋರಿಗೆ (ಓದ್ತಿರೋ ಮಕ್ಕಳೂ ಇದ್ರಲ್ಲಿ ಬರಬಹುದು) ಹೇರ್ಟೆಫಾಲ್ ಅಂತೊಂದು ವಿನಾಯ್ತಿ ಇದೆ, ಕಾಸೆ ಒಪ್ಪಿದ್ರೆ ಸ್ಟ್ಯಾಂಡರ್ಡ್ ಚಿಕಿತ್ಸೆ ಪೂರ್ತಿ ಅವ್ರೇ ಕೊಡ್ತಾರೆ, ಕೇಳದೆ ಬಿಡ್ಬೇಡಿ.

ಕ್ಯಾಪ್, ಬ್ರಿಡ್ಜ್ ಯಾವುದೇ ಆಗ್ಲಿ ಕೆಲ್ಸ ಶುರುವಾಗೋಕೆ ಮುಂಚೆ ಹೈಲ್ ಉಂಡ್ ಕೋಸ್ಟೆನ್‌ಪ್ಲಾನ್ ಅಂತ ಎಸ್ಟಿಮೇಟ್ ತಯಾರಾಗಿ ಕಾಸೆ ಒಪ್ಪಿಗೆ ಬರ್ಬೇಕು, ಅದು ಬರೋವರೆಗೂ ಅವಸರ ಮಾಡ್ಬೇಡಿ, ದುಬಾರಿ ಅನ್ನಿಸಿದ್ರೆ ಅದೇ ಪ್ಲಾನ್ ಹಿಡ್ಕೊಂಡು ಇನ್ನೊಬ್ರ ಹತ್ರ ಹೋಗಿ ಕೇಳಿ. ಫಿಲ್ಲಿಂಗ್‌ಗೆ ಇದೆಲ್ಲಾ ಬೇಡ. ಮುಂದಿನ ಹಲ್ಲಿಗೆ ಬಿಳಿ ಸಿಮೆಂಟ್ ಕಾಸೆನೇ ಕೊಡುತ್ತೆ. ಹಿಂದಿನ ಹಲ್ಲಿಗೆ ಮೊದಲು ಅಮಾಲ್ಗಮ್ (ಪಾದರಸ ಸೇರಿರೋ ಬೆಳ್ಳಿ ಬಣ್ಣದ ಫಿಲ್ಲಿಂಗ್) ಇತ್ತು, 2025ರ ಜನವರಿ 1ರಿಂದ ಯುರೋಪಿಯನ್ ಯೂನಿಯನ್ ಅದನ್ನ ನಿಲ್ಸಿದ್ಮೇಲೆ ತಾನಾಗೇ ಅಂಟಿಕೊಳ್ಳೋ ಗ್ಲಾಸ್ ಅಯೋನೋಮರ್ ಜಾತಿ ಫಿಲ್ಲಿಂಗ್ ಫ್ರೀ, ಅದಕ್ಕಿಂತ ಗಟ್ಟಿ ಕಾಂಪೋಸಿಟ್ ಬೇಕಂದ್ರೆ ಹೆಚ್ಚಿನ ದುಡ್ಡಿಗೆ ನೀವು ಮೊದಲೇ ಸೈನ್ ಹಾಕ್ಬೇಕು. ಫಿಲ್ಲಿಂಗ್‌ಗೂ ಕ್ಯಾಪ್‌ಗೂ ಎರಡು ವರ್ಷದ ಗ್ಯಾರಂಟಿ ಇದೆ, ಅಷ್ಟರೊಳಗೆ ಕಿತ್ಕೊಂಡು ಬಂದ್ರೆ ಅದೇ ಡಾಕ್ಟ್ರ ಹತ್ರ ಹೋಗಿ, ಸಾಮಾನ್ಯವಾಗಿ ಸುಮ್ನೆ ಸರಿ ಮಾಡ್ಕೊಡ್ತಾರೆ. ರೂಟ್ ಕೆನಾಲ್ ದವಡೆ ಹಲ್ಲಿಗೆ ಅಂದ್ರೆ ಷರತ್ತುಗಳಿವೆ, ಅದನ್ನ ಮೊದಲೇ ಕೇಳ್ಕೊಳ್ಳಿ.

"ರಜಾಕ್ಕೆ ಊರಿಗೆ ಹೋದಾಗ ಎಲ್ಲಾ ಮಾಡಿಸ್ಕೊಂಡು ಬರ್ತೀನಿ" ಅನ್ನೋರು ಬಹಳ. ದುಡ್ಡಿನ ಲೆಕ್ಕದಲ್ಲಿ ದೊಡ್ಡ ಕೆಲ್ಸಕ್ಕೆ ಅದು ಸರೀನೂ ಇರಬಹುದು, ಆದ್ರೆ ಅಲ್ಲಿ ಕೊಟ್ಟ ದುಡ್ಡನ್ನ ಕಾಸೆ ವಾಪಸ್ ಕೊಡಲ್ಲ, ಮೂರು ವಾರದ ರಜೆಯಲ್ಲಿ ಗಡಿಬಿಡಿ ಮಾಡಿ ಹಾಕಿಸಿದ ಕ್ಯಾಪು ಇಲ್ಲಿಗೆ ಬಂದ್ಮೇಲೆ ತೊಂದ್ರೆ ಕೊಟ್ರೆ ಇಲ್ಲಿ ಅದಕ್ಕೆ ಗ್ಯಾರಂಟಿ ಕೊಡೋರು ಯಾರೂ ಇರಲ್ಲ. ಎಲ್ಲಕ್ಕಿಂತ ಮುಖ್ಯ, ಮಾರ್ಚ್‌ನಲ್ಲಿ ಕಂಡ ಹುಳುಕು ಡಿಸೆಂಬರ್ ರಜಾವರೆಗೂ ನಿಮಗೋಸ್ಕರ ಕಾಯ್ಕೊಂಡು ಕೂರಲ್ಲ.

ಮಕ್ಕಳ ವಿಷಯಕ್ಕೆ ಬಂದ್ರೆ ಈ ದೇಶ ನಿಜಕ್ಕೂ ಧಾರಾಳಿ. ಮಗುಗೆ 6 ತಿಂಗಳಾದಾಗಿಂದ 33 ತಿಂಗಳೊಳಗೆ ಮೂರು ಹಲ್ಲಿನ ಚೆಕಪ್, ಆಮೇಲೆ ಆರು ವರ್ಷ ತುಂಬೋದ್ರೊಳಗೆ ಇನ್ನೂ ಮೂರು, ಹಾಲುಹಲ್ಲಿಗೆ ಫ್ಲೋರೈಡ್ ಲೇಪನ ಬೇರೆ, ಎಲ್ಲಾ ಕಾಸೆ ಖರ್ಚು. ಆರರಿಂದ ಹದಿನೇಳು ವರ್ಷದವರೆಗೆ ಆರು ತಿಂಗಳಿಗೊಂದ್ಸಲ ಹಲ್ಲುಜ್ಜೋದು ಹೇಳ್ಕೊಟ್ಟು ಫ್ಲೋರೈಡ್ ಹಚ್ತಾರೆ, ಹೊಸದಾಗಿ ಬಂದ ದವಡೆ ಹಲ್ಲಿನ ಸೀಳುಗಳನ್ನ ಸೀಲ್ ಮಾಡ್ತಾರೆ. ಬೋನುಸ್‌ಹೆಫ್ಟ್ 12 ವರ್ಷಕ್ಕೆ ಶುರು, 18ರವರೆಗೂ ಆರು ತಿಂಗಳಿಗೊಂದು ಸೀಲ್ ಬೇಕು. ಕಿಟಾಗೂ (ಶಿಶುವಿಹಾರ) ಶಾಲೆಗೂ ಹಲ್ಲಿನ ಡಾಕ್ಟ್ರೇ ಬರ್ತಾರೆ, ನೋಡಿ ಮನೆಗೆ ಒಂದು ಚೀಟಿ ಕಳಿಸ್ತಾರೆ. ಡಾಕ್ಟ್ರ ಹತ್ರ ತೋರ್ಸಿ ಅಂತ ಅದ್ರಲ್ಲಿದ್ರೆ ಗಾಬರಿ ಬೇಡ, ಯಾರೂ ಕಂಪ್ಲೇಂಟ್ ಮಾಡಿಲ್ಲ, ಆದ್ರೆ ಆ ಚೀಟಿನ ಫ್ರಿಜ್ ಮೇಲೆ ಅಂಟಿಸಿ ಮರೀಬೇಡಿ.

ಹಾಲುಹಲ್ಲು ಹೇಗೂ ಬಿದ್ದೋಗುತ್ತಲ್ಲ ಅನ್ನೋ ನಮ್ಮ ಹಿರಿಯರ ಮಾತು ಇಲ್ಲಿ ನಡೆಯಲ್ಲ. ಆ ಹಲ್ಲು ಕೆಳಗೆ ಬರ್ತಿರೋ ಹಲ್ಲಿಗೆ ಜಾಗ ಹಿಡಿದಿಟ್ಟಿರುತ್ತೆ, ಬೇಗ ಕಿತ್ರೆ ಪಕ್ಕದವು ವಾಲ್ಕೊಂಡು ಜಾಗ ಮುಚ್ಚಿ ಮುಂದೆ ಕ್ಲಿಪ್ ಹಾಕಿಸೋ ಪರಿಸ್ಥಿತಿ. ಕ್ಲಿಪ್‌ಗೂ ಕಾಸೆ ಕೊಡುತ್ತೆ, 18ರೊಳಗೆ ಶುರು ಮಾಡಿದ್ರೆ, ತೊಂದ್ರೆ ಐದು ಗ್ರೇಡ್‌ನಲ್ಲಿ ಮೂರು ಅಥವಾ ಅದಕ್ಕಿಂತ ಮೇಲಿದ್ರೆ. ಆದ್ರೆ 20 ಪರ್ಸೆಂಟ್ (ಮನೇಲಿ ಎರಡನೇ ಮಗುಗೂ ನಡೀತಿದ್ರೆ ಅದಕ್ಕೆ 10) ಮೊದಲು ನೀವು ಕಟ್ಬೇಕು, ಚಿಕಿತ್ಸೆ ಪೂರ್ತಿ ಮುಗಿದ್ಮೇಲೆ ಅದು ವಾಪಸ್. ನಡುವೆ ಇಂಡಿಯಾಗೆ ಶಿಫ್ಟ್ ಆಗೋ ಪ್ಲಾನ್ ಇದ್ರೆ ಇದನ್ನ ಲೆಕ್ಕ ಹಾಕ್ಕೊಳ್ಳಿ.

ಚಿಕ್ಕಮಕ್ಕಳ ಫ್ಲೋರೈಡ್‌ನಲ್ಲಿ ಒಂದು ಗೊಂದಲ ಎಲ್ಲಾ ಮನೇಲೂ ಆಗುತ್ತೆ. ಮಕ್ಕಳ ಡಾಕ್ಟ್ರು ವಿಟಮಿನ್ ಡಿ ಜೊತೆ ಫ್ಲೋರೈಡ್ ಸೇರಿರೋ ಮಾತ್ರೆ ಬರ್ಕೊಟ್ಟಿರ್ತಾರೆ, ಇತ್ತ ಹಲ್ಲಿನ ಡಾಕ್ಟ್ರು ಫ್ಲೋರೈಡ್ ಪೇಸ್ಟ್ ಹಚ್ಚಿ ಅಂತಾರೆ. ಎರಡೂ ಒಟ್ಟಿಗೆ ಬೇಡ, ಮೊದಲ ವರ್ಷ ಯಾವುದಾದ್ರೂ ಒಂದು, ಇಬ್ರಿಗೂ ಇನ್ನೊಬ್ರು ಏನು ಕೊಟ್ಟಿದಾರೆ ಅಂತ ಹೇಳಿ. ಒಂದು ವರ್ಷ ಆದ್ಮೇಲೆ 1000 ಪಿಪಿಎಂ (ಪಿಪಿಎಂ ಅಂದ್ರೆ ಪೇಸ್ಟಲ್ಲಿರೋ ಫ್ಲೋರೈಡ್ ಅಳತೆ) ಪೇಸ್ಟ್ ದಿನಕ್ಕೆರಡು ಸಲ, ಅಕ್ಕಿಕಾಳಿನಷ್ಟು, ಎರಡು ವರ್ಷ ಆದ್ಮೇಲೆ ಬಟಾಣಿಯಷ್ಟು. ಟ್ಯೂಬ್ ಹಿಂದೆ ಸಣ್ಣ ಅಕ್ಷರದಲ್ಲಿ ಬರ್ದಿರುತ್ತೆ, ಓದಿ ತಗೊಳ್ಳಿ, ಅದಕ್ಕಿಂತ ಕಮ್ಮಿ ಇರೋವು ಮತ್ತೆ ಫ್ಲೋರೈಡೇ ಇಲ್ದಿರೋವೂ ಅದೇ ಶೆಲ್ಫ್‌ನಲ್ಲಿರುತ್ತವೆ. ದೊಡ್ಡೋರ ಪೇಸ್ಟ್ ಇಲ್ಲಿ ಸಾಮಾನ್ಯವಾಗಿ 1450 ಪಿಪಿಎಂ, 1500 ಮೇಲೆ ಅಂಗಡಿಯಲ್ಲಿ ಮಾರೋ ಹಾಗಿಲ್ಲ. ಜರ್ಮನಿಯಲ್ಲಿ ನಲ್ಲಿ ನೀರಿಗೆ ಫ್ಲೋರೈಡ್ ಸೇರಿಸಲ್ಲ, ಅದರ ಬದ್ಲು ಫ್ಲೋರೈಡ್ ಇರೋ ಅಯೋಡಿನ್ ಉಪ್ಪು 1991ರಿಂದ ಸಿಗುತ್ತೆ, ಮಗು ಫ್ಲೋರೈಡ್ ಮಾತ್ರೆ ತಗೋತಿದ್ರೆ ಮಾತ್ರ ಆ ಉಪ್ಪು ಬೇಡ.

ಉಜ್ಜಿದ್ಮೇಲೆ ಉಗುಳಿ ಸುಮ್ನೆ ಬಿಡಿ, ನಾಲ್ಕು ಸಲ ಬಾಯಿ ಮುಕ್ಕಳಿಸಿದ್ರೆ ಹಚ್ಚಿದ್ದ ಫ್ಲೋರೈಡ್ ಎಲ್ಲಾ ಸಿಂಕ್ ಪಾಲು. ಹಲ್ಲಿನ ಸಂದಿಗೆ ಬ್ರಷ್ ಕೂದಲು ತಲುಪಲ್ಲ, ಅಲ್ಲಿಗೆ ಸಣ್ಣ ಸಂದಿ ಬ್ರಷ್ಷೋ ದಾರಾನೋ ಬೇಕೇ ಬೇಕು, ಯಾವ ಸೈಜ್ ಅಂತ ಚೆಕಪ್‌ಗೆ ಹೋದಾಗ್ಲೇ ಅಳತೆ ತೋರಿಸ್ಕೊಂಡ್ರೆ ಡಿಎಂ ಅಂಗಡಿಯಲ್ಲಿ ಹತ್ತು ಬಣ್ಣದ ಮುಂದೆ ನಿಂತು ಯೋಚ್ನೆ ಮಾಡೋದು ತಪ್ಪುತ್ತೆ. ಇನ್ನು ಸಿಹಿ. ಬಾಯಲ್ಲಿರೋ ಬ್ಯಾಕ್ಟೀರಿಯಾ ಸಕ್ಕರೆ ತಿಂದು ಆಸಿಡ್ ಮಾಡುತ್ತೆ, ಪಿಎಚ್ ಸುಮಾರು 5.5ಕ್ಕಿಂತ ಕೆಳಗಿಳಿದ್ರೆ ಎನಾಮಲ್ (ಹಲ್ಲಿನ ಗಟ್ಟಿ ಮೇಲ್ಪದರ) ಕರಗೋಕೆ ಶುರು, ಆಮೇಲೆ ಜೊಲ್ಲು ನಿಧಾನಕ್ಕೆ ಅದನ್ನ ಸರಿ ಮಾಡುತ್ತೆ. ಹಾಗಾಗಿ ಎಷ್ಟು ತಿಂದ್ರಿ ಅನ್ನೋದಕ್ಕಿಂತ ಎಷ್ಟು ಸಲ ತಿಂದ್ರಿ ಅನ್ನೋದು ಜಾಸ್ತಿ ಪೆಟ್ಟು. ಆಫೀಸ್‌ನಲ್ಲಿ ಸಕ್ಕರೆ ಕಾಫಿ ಒಂದು ಗಂಟೆ ಗುಟುಕು ಗುಟುಕಾಗಿ ಕುಡಿಯೋದು, ಮಗು ಕೈಗೆ ಆಪ್‌ಫೆಲ್‌ಶೋರ್ಲೆ (ಸೇಬಿನ ಜ್ಯೂಸ್ ಬೆರೆಸಿದ ಸೋಡಾ) ಬಾಟಲ್ ಕೊಟ್ಟು ಸ್ಟ್ರಾಲರ್‌ನಲ್ಲಿ ಕೂರ್ಸೋದು, ಎರಡೂ ಜೊಲ್ಲಿಗೆ ಪುರುಸೊತ್ತೇ ಕೊಡಲ್ಲ. ಊಟದ ಜೊತೆ ಸಿಹಿ ತಿಂದು ಮುಗಿಸಿ, ನಡುವೆ ಬರೀ ನೀರು.

ಎಕ್ಸ್ಟ್ರಾ ಇನ್ಶೂರೆನ್ಸ್, ಅಂದ್ರೆ ತ್ಸಾನ್‌ತ್ಸೂಸಾಟ್ಸ್ ತಗೋಬೇಕಾ ಅಂತ ಎಲ್ರೂ ಕೇಳ್ತಾರೆ. ಡಾಕ್ಟ್ರು ಈಗಾಗ್ಲೇ "ಇದಕ್ಕೆ ಕ್ಯಾಪ್ ಬೇಕು" ಅಂತ ಬರ್ದಿಟ್ಟಿದ್ರೆ ಆ ಹಲ್ಲಿಗೆ ಸಾಮಾನ್ಯವಾಗಿ ದುಡ್ಡು ಬರಲ್ಲ, ಮೊದಲ ಕೆಲವು ವರ್ಷ ಇಷ್ಟೇ ಯೂರೋ ಅಂತ ಮಿತಿ ಬೇರೆ ಇರುತ್ತೆ. ಹಲ್ಲು ಚೆನ್ನಾಗಿದ್ದಾಗ, ಇಲ್ಲೇ ಬಹಳ ವರ್ಷ ಇರ್ತೀನಿ ಅನ್ನೋದು ಗಟ್ಟಿಯಾದಾಗ ತಗೊಂಡ್ರೆ ಅರ್ಥ ಇದೆ, ಎರಡು ವರ್ಷಕ್ಕೆ ಬಂದೋರಿಗೆ ವೇಸ್ಟ್ ಅಂತ ನನ್ನ ಅಭಿಪ್ರಾಯ.

ಶನಿವಾರ ರಾತ್ರಿ ನೋವು ಬಂದ್ರೆ ನಿಮ್ಮ ಊರಿನ ಹೆಸರಿನ ಜೊತೆ "ತ್ಸಾನ್‌ಎರ್ಟ್ಸ್‌ಲಿಶರ್ ನೋಟ್‌ಡೀನ್ಸ್ಟ್" (ಹಲ್ಲಿನ ತುರ್ತು ಸೇವೆ) ಅಂತ ಹುಡುಕಿ, ಆ ವಾರದ ಪಾಳಿ ಯಾವ ಕ್ಲಿನಿಕ್‌ದು ಅಂತ ಸಿಗುತ್ತೆ, ಮುಖ ಊದ್ಕೊಂಡು ಉಸಿರಾಡೋಕೆ ಅಥ್ವಾ ನುಂಗೋಕೆ ಕಷ್ಟ ಆದ್ರೆ ಮಾತ್ರ ನೇರ 112ಕ್ಕೆ (ತುರ್ತು ನಂಬರ್) ಫೋನ್ ಮಾಡಿ. ಮಗು ಬಿದ್ದು ದೊಡ್ಡ (ಶಾಶ್ವತ) ಹಲ್ಲು ಬೇರು ಸಮೇತ ಕಿತ್ಕೊಂಡು ಬಂದ್ರೆ ಬೇರು ಮುಟ್ದೆ ಬಿಳಿ ಭಾಗ ಹಿಡ್ಕೊಂಡು ಎತ್ತಿ, ಉಜ್ಜಿ ತೊಳೀಬೇಡಿ. ಫಾರ್ಮಸಿಯಲ್ಲಿ ತ್ಸಾನ್‌ರೆಟ್ಟುಂಗ್ಸ್‌ಬಾಕ್ಸ್ ಅಂತ ಕಿತ್ತ ಹಲ್ಲು ಕಾಪಾಡೋ ಸಣ್ಣ ಡಬ್ಬಿ ಸಿಗುತ್ತೆ, ತುಂಬಾ ಶಾಲೆ, ಸ್ವಿಮ್ಮಿಂಗ್ ಪೂಲ್‌ನಲ್ಲೂ ಇಟ್ಟಿರ್ತಾರೆ, ಅದು ಕೈಗೆ ಸಿಗದಿದ್ರೆ ತಣ್ಣನೆ ಪ್ಯಾಕೆಟ್ ಹಾಲಲ್ಲಿ ಹಾಕ್ಕೊಂಡು ತಕ್ಷಣ ಓಡಿ. ಹಾಲುಹಲ್ಲಾದ್ರೆ ವಾಪಸ್ ಕೂರ್ಸಲ್ಲ, ಆದ್ರೂ ಒಂದ್ಸಲ ತೋರಿಸ್ಕೊಂಡು ಬನ್ನಿ.